ಬೆಲೆ ಏರಿಕೆಯ ಹೊಣೆ ಯಾರ ಕೊರಳಿಗೆ?

‘ಈರುಳ್ಳಿ ಸರ್ಕಾರವನ್ನೇ ಕೆಡವಿತು’ ಎಂಬ ಮಾತು ನಮ್ಮ ರಾಜಕೀಯ ಚರ್ಚೆಯಲ್ಲಿ ಗಾದೆಯಂತೆ ಚಾಲ್ತಿಯಲ್ಲಿದೆ. ಅದಕ್ಕೆ ಸಾಕ್ಷಿಯಾಗಿ ಎಲ್ಲರೂ ತೋರಿಸುವುದು 1998ರ ನವೆಂಬರ್ ತಿಂಗಳಲ್ಲಿ ನಡೆದ ದೆಹಲಿ ವಿಧಾನಸಭಾ ಚುನಾವಣೆಯನ್ನು. ಈರುಳ್ಳಿ ಕಿಲೋಗೆ 40 ರೂಪಾಯಿ ದಾಟಿತ್ತು. ಐದು ವರ್ಷ ಹಿಂದೆ 49 ಸ್ಥಾನ ಗೆದ್ದಿದ್ದ ಬಿಜೆಪಿ 15ಕ್ಕೆ ಇಳಿಯಿತು, 70ರಲ್ಲಿ 52 ಸ್ಥಾನ ಕಾಂಗ್ರೆಸ್ಸಿನ ಪಾಲಾಯಿತು. ಕಥೆ ಅಲ್ಲಿಗೆ ಮುಗಿಯುತ್ತದೆ ಎಂದು ನಾನೂ ಬಹಳ ಕಾಲ ನಂಬಿದ್ದೆ. ಆದರೆ ಅದೇ ತಿಂಗಳು, ಅದೇ ಈರುಳ್ಳಿ ಬೆಲೆಯ ಬಿಸಿಯಲ್ಲಿ, ರಾಜಸ್ಥಾನ ಮತ್ತು ಮಧ್ಯಪ್ರದೇಶದ ಜನರೂ ಮತ ಹಾಕಿದರು. ಈ ಮೂರು ಫಲಿತಾಂಶಗಳನ್ನು ಪಕ್ಕಪಕ್ಕ ಇಟ್ಟರೆ ಗಾದೆ ಅಷ್ಟು ಸಲೀಸಾಗಿ ನಿಲ್ಲುವುದಿಲ್ಲ.

ರಾಜಸ್ಥಾನದಲ್ಲಿ ಭೈರೋನ್ ಸಿಂಗ್ ಶೇಖಾವತ್ ಅವರ ಬಿಜೆಪಿ ಸರ್ಕಾರ ನೆಲಕಚ್ಚಿತು. 200 ಸ್ಥಾನಗಳಲ್ಲಿ ಕಾಂಗ್ರೆಸ್ಸಿಗೆ 153, ಬಿಜೆಪಿಗೆ 33. ಮಧ್ಯಪ್ರದೇಶದಲ್ಲಿ ಆಳುತ್ತಿದ್ದದ್ದು ದಿಗ್ವಿಜಯ ಸಿಂಗ್ ಅವರ ಕಾಂಗ್ರೆಸ್ ಸರ್ಕಾರ. ಬೆಲೆ ಏರಿಕೆ ಅಧಿಕಾರದಲ್ಲಿರುವವರನ್ನು ಹೊಡೆಯುತ್ತದೆ ಎನ್ನುವುದಾದರೆ ಆ ಸರ್ಕಾರವೂ ಬೀಳಬೇಕಿತ್ತು. ಬೀಳಲಿಲ್ಲ. 320ರಲ್ಲಿ 172 ಸ್ಥಾನ ಗೆದ್ದು ಮರಳಿ ಬಂತು. ಮೂರೂ ಕಡೆ ಈರುಳ್ಳಿ ದುಬಾರಿಯಾಗಿತ್ತು, ಕೇಂದ್ರದಲ್ಲಿ ವಾಜಪೇಯಿ ಸರ್ಕಾರವಿತ್ತು. ಸೋತದ್ದು ಮಾತ್ರ ರಾಜ್ಯದ ಗದ್ದುಗೆಯಲ್ಲಿದ್ದವರೆಲ್ಲರೂ ಅಲ್ಲ, ಕೇಂದ್ರವನ್ನು ಆಳುತ್ತಿದ್ದ ಪಕ್ಷ. ಭೋಪಾಲದ ಗೃಹಿಣಿ ಈರುಳ್ಳಿಯ ಸಿಟ್ಟನ್ನು ತನ್ನ ಮುಖ್ಯಮಂತ್ರಿಯ ಮೇಲೆ ತೀರಿಸಿಕೊಳ್ಳಲಿಲ್ಲ, ದೆಹಲಿಯ ಗದ್ದುಗೆಯ ಕಡೆಗೆ ಕೈ ತೋರಿಸಿದಳು ಎಂದೇ ಈ ಅಂಕಿಗಳನ್ನು ಓದಬೇಕಾಗುತ್ತದೆ.

ಈ ಟಿಪ್ಪಣಿಯ ವಾದ ಇಷ್ಟೇ: ಬೆಲೆ ತಾನಾಗಿಯೇ ಮತವಾಗುವುದಿಲ್ಲ. ಆ ಬೆಲೆಗೆ ಒಬ್ಬ ಹೊಣೆಗಾರನ ಹೆಸರು ಅಂಟಿದಾಗ ಮಾತ್ರ ಅದು ಮತಗಟ್ಟೆಯವರೆಗೆ ನಡೆದು ಹೋಗುತ್ತದೆ. ಹೆಸರು ಅಂಟುವ ಬಗೆ ವಸ್ತುವಿನಿಂದ ವಸ್ತುವಿಗೆ ಬೇರೆ.

ದೆಹಲಿಯ ಸೋಲಿಗೆ ಈರುಳ್ಳಿಯೊಂದೇ ಕಾರಣವೂ ಅಲ್ಲ. ಆ ಐದು ವರ್ಷದಲ್ಲಿ ಬಿಜೆಪಿ ಅಲ್ಲಿ ಮೂವರು ಮುಖ್ಯಮಂತ್ರಿಗಳನ್ನು ಕಂಡಿತು. ಸುಷ್ಮಾ ಸ್ವರಾಜ್ ಅಧಿಕಾರ ವಹಿಸಿಕೊಂಡದ್ದು ಮತದಾನಕ್ಕೆ ಆರೇ ವಾರ ಮುಂಚೆ, ಅಕ್ಟೋಬರ್ 12ರಂದು. ಆ ವರ್ಷದ ಆಗಸ್ಟ್‌ನಲ್ಲಿ ಕಲಬೆರಕೆ ಸಾಸಿವೆ ಎಣ್ಣೆಯಿಂದ ಡ್ರಾಪ್ಸಿ ಕಾಯಿಲೆ ಹರಡಿ ಜನ ಸತ್ತಿದ್ದರು. ಅಡುಗೆಮನೆಯ ಎಣ್ಣೆ ವಿಷವಾಗಿತ್ತು, ಅದರ ಬೆನ್ನಿಗೇ ಈರುಳ್ಳಿ ಕೈಗೆಟುಕದಾಯಿತು. ಒಂದೇ ಒಲೆಯ ಮುಂದೆ ಎರಡು ಪೆಟ್ಟು. ಇದನ್ನು ‘ಈರುಳ್ಳಿ ಚುನಾವಣೆ’ ಎಂದಷ್ಟೇ ಕರೆದರೆ ಆ ಮನೆಗಳ ಸಂಕಟವನ್ನು ಕಿರಿದಾಗಿಸಿದಂತೆ.

1980ರ ಜನವರಿಯ ಲೋಕಸಭಾ ಚುನಾವಣೆಗೂ ಇದೇ ಎಚ್ಚರ ಬೇಕು. ಇಂದಿರಾ ಗಾಂಧಿಯವರು ಈರುಳ್ಳಿ ಬೆಲೆಯನ್ನು ಪ್ರಚಾರದ ಅಸ್ತ್ರವಾಗಿಸಿದ್ದು ನಿಜ, 353 ಸ್ಥಾನಗಳೊಡನೆ ಮರಳಿದ್ದೂ ನಿಜ. ಆದರೆ ಅಷ್ಟರಲ್ಲಿ ಜನತಾ ಪಕ್ಷ ಒಡೆದುಹೋಗಿತ್ತು, ಚರಣ್ ಸಿಂಗ್ ಅವರದು ಉಸ್ತುವಾರಿ ಸರ್ಕಾರವಾಗಿತ್ತು. ನನಗೆ 1967ರ ಮದ್ರಾಸ್ ರಾಜ್ಯದ ಚುನಾವಣೆ ಹೆಚ್ಚು ಸ್ಪಷ್ಟವಾದ ನಿದರ್ಶನ. ಸತತ ಬರ, ಅಕ್ಕಿಯ ಅಭಾವ. ಡಿಎಂಕೆ ನಾಯಕ ಅಣ್ಣಾದೊರೈ ಅವರು ರೂಪಾಯಿಗೆ ಮೂರು ಪಡಿ ಅಕ್ಕಿ ಎಂದರು. ಬೆಲೆ ಏರಿಕೆಯ ದೂರನ್ನು ಅವರು ಬರೀ ದೂರಾಗಿ ಬಿಡದೆ ಅದಕ್ಕೊಂದು ಅಳತೆ, ಒಂದು ದರ ಕಟ್ಟಿದರು. 1983ರಲ್ಲಿ ಆಂಧ್ರದ ಎನ್.ಟಿ. ರಾಮರಾವ್ ಅವರ ಎರಡು ರೂಪಾಯಿ ಅಕ್ಕಿ, ಮುಂದೆ ಕರ್ನಾಟಕದ ಅನ್ನಭಾಗ್ಯ, ಎಲ್ಲವೂ ಆ ದಾರಿಯಲ್ಲೇ ಬಂದವು.

ಇಲ್ಲಿ ಅರ್ಥಶಾಸ್ತ್ರದ ಒಂದು ಗೊಂದಲ ಬಿಡಿಸಬೇಕು. ಸರ್ಕಾರ ಹೇಳುವುದು ಹಣದುಬ್ಬರದ ದರ, ಮನೆ ನೆನಪಿಡುವುದು ಬೆಲೆ. ಕಳೆದ ವರ್ಷ 100 ರೂಪಾಯಿಯಿಂದ 140ಕ್ಕೆ ಏರಿದ ಬೇಳೆ ಈ ವರ್ಷ 142 ಆದರೆ ಹಣದುಬ್ಬರ ಕುಸಿದಿದೆ ಎಂದು ಅಂಕಿಅಂಶ ಹೇಳುತ್ತದೆ. ಅದು ಸುಳ್ಳಲ್ಲ. ಆದರೆ ಅಂಗಡಿಗೆ ಹೋದವರು ಕೊಡುವುದು 142ನ್ನೇ. ಅಮೆರಿಕದಲ್ಲಿ 2022ರ ಜೂನ್‌ನಲ್ಲಿ ಶೇ. 9.1ಕ್ಕೆ ಏರಿದ್ದ ಹಣದುಬ್ಬರ 2024ರ ನವೆಂಬರ್ ಹೊತ್ತಿಗೆ ಶೇ. 3ಕ್ಕಿಂತ ಕೆಳಗಿಳಿದಿತ್ತು, ಆದರೂ ಆಳುವ ಪಕ್ಷ ಸೋತಿತು. ನಮ್ಮಲ್ಲೂ ದರ ಒಂದನ್ನೇ ಹಿಡಿದು ಫಲಿತಾಂಶ ಊಹಿಸಲು ಹೊರಟರೆ ದಾರಿ ತಪ್ಪುತ್ತೇವೆ. 2004ರಲ್ಲಿ ಬೆಲೆಗಳು ಹೆಚ್ಚುಕಡಿಮೆ ಶಾಂತವಾಗಿದ್ದವು, ಎನ್‌ಡಿಎ ಸೋತಿತು. 2008ರ ಆಗಸ್ಟ್‌ನಲ್ಲಿ ಸಗಟು ಬೆಲೆಯ ಏರಿಕೆ ಶೇ. 12 ದಾಟಿತ್ತು, 2009ರ ಮೇ ತಿಂಗಳಲ್ಲಿ ಕಾಂಗ್ರೆಸ್ 206 ಸ್ಥಾನ ಗೆದ್ದಿತು. 2013ರ ನವೆಂಬರ್‌ನಲ್ಲಿ ಚಿಲ್ಲರೆ ಹಣದುಬ್ಬರ ಶೇ. 11 ಮೀರಿತು, ಮರುವರ್ಷ ಅದೇ ಪಕ್ಷ 44ಕ್ಕೆ ಕುಸಿಯಿತು.

ಇನ್ನೊಂದು ಮಾತು ಸೂಚ್ಯಂಕದ ಬಗ್ಗೆ. 2012 ಆಧಾರವರ್ಷದ ಗ್ರಾಹಕ ಬೆಲೆ ಸೂಚ್ಯಂಕದಲ್ಲಿ ಆಹಾರ ಮತ್ತು ಪಾನೀಯಗಳ ತೂಕ ಹಳ್ಳಿಗೆ ಶೇ. 54.18, ಪಟ್ಟಣಕ್ಕೆ ಶೇ. 36.29. ಬಡ ಕುಟುಂಬದಲ್ಲಿ ಈ ಪಾಲು ಸರಾಸರಿಗಿಂತ ಹೆಚ್ಚು. ಹಾಗಾಗಿ ಒಂದೇ ಸೂಚ್ಯಂಕದ ಕೆಳಗೆ ಎರಡು ಮನೆಗಳು ಎರಡು ಬಗೆಯ ಬೆಲೆ ಏರಿಕೆ ಅನುಭವಿಸುತ್ತವೆ. ಮತ ಮಾತ್ರ ಇಬ್ಬರಿಗೂ ಒಂದೊಂದೇ.

ಹೊಣೆಯ ಪ್ರಶ್ನೆಗೆ ಮರಳುತ್ತೇನೆ. ಟೊಮೆಟೊ ಬೆಲೆಯನ್ನು ಯಾರೂ ಘೋಷಿಸುವುದಿಲ್ಲ. 2023ರ ಜುಲೈನಲ್ಲಿ ಅದು ಕಿಲೋಗೆ 100 ರೂಪಾಯಿ ದಾಟಿದಾಗ ಜನ ಮಳೆಯನ್ನು, ರೋಗವನ್ನು, ದಲ್ಲಾಳಿಯನ್ನು ದೂರಿದರು. ಕೋಲಾರದ ಬೆಳೆಗಾರರಿಗೆ ಅಪರೂಪಕ್ಕೆ ನಾಲ್ಕು ಕಾಸು ಬಂತು. ಸೆಪ್ಟೆಂಬರ್ ಹೊತ್ತಿಗೆ ಬೆಲೆ ಇಳಿದಿತ್ತು, ಸಿಟ್ಟೂ ಇಳಿದಿತ್ತು. ಅಡುಗೆ ಅನಿಲದ ಸಿಲಿಂಡರ್ ಹಾಗಲ್ಲ. ಅದರ ದರ ಒಂದು ನಿರ್ದಿಷ್ಟ ದಿನ, ಇಡೀ ದೇಶಕ್ಕೆ, ಸರ್ಕಾರಿ ತೈಲ ಕಂಪನಿಗಳ ಮೂಲಕ ಬದಲಾಗುತ್ತದೆ. ರಸೀದಿಯಲ್ಲಿ ಪೈಸೆಯವರೆಗೂ ಅಚ್ಚಾಗಿರುತ್ತದೆ. ಒಂದೇ ಸಲಕ್ಕೆ ದೊಡ್ಡ ಮೊತ್ತ ಕೈಬಿಡುತ್ತದೆ, ಮುಂದಿನ ಸಿಲಿಂಡರ್ ಬರುವ ತನಕ ಹಳೆಯ ದರ ನೆನಪಿನಲ್ಲಿರುತ್ತದೆ.

2023ರ ಮಾರ್ಚ್ 1ರಂದು ಗೃಹಬಳಕೆಯ ಸಿಲಿಂಡರ್‌ಗೆ 50 ರೂಪಾಯಿ ಏರಿತು. ಬೆಂಗಳೂರಿನಲ್ಲಿ ದರ 1,105.50 ಆಯಿತು. ಮೇ 10ಕ್ಕೆ ಕರ್ನಾಟಕದಲ್ಲಿ ಮತದಾನ. ಕಾಂಗ್ರೆಸ್ ನಾಯಕರು ಸಿಲಿಂಡರ್‌ಗೆ ಹೂವಿಟ್ಟು ಪೂಜೆ ಮಾಡಿ ಮತಗಟ್ಟೆಗೆ ಹೊರಟರು. ಜೊತೆಗೆ ಮನೆಯ ಯಜಮಾನಿಗೆ ತಿಂಗಳಿಗೆ 2,000 ರೂಪಾಯಿ, 200 ಯೂನಿಟ್‌ವರೆಗೆ ಉಚಿತ ವಿದ್ಯುತ್, ಮಹಿಳೆಯರಿಗೆ ಉಚಿತ ಬಸ್ ಪ್ರಯಾಣದ ಭರವಸೆ. ಲೆಕ್ಕ ಸರಳವಾಗಿತ್ತು: 2,000 ಬಂದರೆ ಒಂದು ಸಿಲಿಂಡರ್ ಕಳೆದು 894.50 ಉಳಿಯುತ್ತದೆ. ಬೆಲೆ ಇಳಿಸುತ್ತೇವೆ ಎಂದು ರಾಜ್ಯದ ಪಕ್ಷ ಹೇಳುವಂತಿರಲಿಲ್ಲ, ಅದು ಅದರ ಕೈಯಲ್ಲಿ ಇರಲಿಲ್ಲ. ಬೆಲೆಯನ್ನು ತಾಳಿಕೊಳ್ಳಲು ಹಣ ಕೊಡುತ್ತೇವೆ ಎಂದಿತು. ಕಾಂಗ್ರೆಸ್ 135 ಸ್ಥಾನ ಗೆದ್ದಿತು, ಬಿಜೆಪಿ 66, ಜೆಡಿಎಸ್ 19.

ಆ 2,000 ರೂಪಾಯಿಯ ಗೃಹಲಕ್ಷ್ಮಿ ಯೋಜನೆಗೆ ಮೈಸೂರಿನಲ್ಲಿ ಚಾಲನೆ ಸಿಕ್ಕಿದ್ದು 2023ರ ಆಗಸ್ಟ್ 30ರಂದು. ಕೇಂದ್ರ ಸರ್ಕಾರ ಸಿಲಿಂಡರ್ ದರದಲ್ಲಿ 200 ರೂಪಾಯಿ ಇಳಿಸಿದ ತೀರ್ಮಾನ ಜಾರಿಗೆ ಬಂದದ್ದೂ ಅದೇ ಆಗಸ್ಟ್ 30ರಂದು. ಒಂದೇ ಅಡುಗೆಮನೆಗೆ ಒಂದೇ ದಿನ ಎರಡು ಸರ್ಕಾರಗಳಿಂದ ಎರಡು ಉತ್ತರ. ಮರುವರ್ಷ ಮಾರ್ಚ್‌ನಲ್ಲಿ ಮಹಿಳಾ ದಿನದಂದು ಸಿಲಿಂಡರ್‌ಗೆ ಮತ್ತೆ 100 ರೂಪಾಯಿ ಇಳಿಯಿತು. 2024ರ ಲೋಕಸಭಾ ಚುನಾವಣೆಯಲ್ಲಿ ಅದೇ ಕರ್ನಾಟಕ 28ರಲ್ಲಿ 17 ಸ್ಥಾನಗಳನ್ನು ಬಿಜೆಪಿಗೂ 2ನ್ನು ಜೆಡಿಎಸ್‌ಗೂ ಕೊಟ್ಟಿತು, ಕಾಂಗ್ರೆಸ್ಸಿಗೆ 9. ಒಂದೇ ವರ್ಷದಲ್ಲಿ ಜನ ಬೆಲೆಯನ್ನು ಮರೆತರು ಎಂದು ಇದನ್ನು ಓದುವವರಿದ್ದಾರೆ. ನಾನು ಒಪ್ಪುವುದಿಲ್ಲ. ಬಿಜೆಪಿ ಮತ್ತು ಜೆಡಿಎಸ್ ಒಂದಾದದ್ದು, ಲೋಕಸಭೆಗೆ ಜನ ಬೇರೆಯೇ ಪ್ರಶ್ನೆ ಕೇಳಿಕೊಳ್ಳುವುದು, ಸಿಲಿಂಡರ್ ದರ ಅಷ್ಟರಲ್ಲಿ 300 ರೂಪಾಯಿ ಇಳಿದದ್ದು, ಮೂರೂ ಸೇರಿವೆ. ಭರವಸೆ ಕೊಟ್ಟವರಿಗೆ ಮತ ಖಾತ್ರಿ ಎಂಬ ನಂಬಿಕೆಯೂ ಅಷ್ಟೇ ಟೊಳ್ಳು. 2013ರಲ್ಲಿ ಅನ್ನಭಾಗ್ಯ ಕೊಟ್ಟ ಸರ್ಕಾರ 2018ರಲ್ಲಿ 122ರಿಂದ 80ಕ್ಕೆ ಇಳಿದದ್ದು ಕಣ್ಣಮುಂದಿದೆ.

ಲೋಕನೀತಿ–ಸಿಎಸ್‌ಡಿಎಸ್ 2024ರ ಚುನಾವಣೆಗೆ ಮುಂಚೆ ನಡೆಸಿದ ಸಮೀಕ್ಷೆಯಲ್ಲಿ ಶೇ. 27 ಮಂದಿ ನಿರುದ್ಯೋಗವನ್ನೂ ಶೇ. 23 ಮಂದಿ ಬೆಲೆ ಏರಿಕೆಯನ್ನೂ ಮುಖ್ಯ ವಿಷಯವೆಂದರು. ಬೆಲೆ ಏರಿಕೆಗೆ ಯಾರು ಹೊಣೆ ಎಂಬ ಪ್ರಶ್ನೆಗೆ ಕೇಂದ್ರ ಎಂದವರು ಶೇ. 26, ರಾಜ್ಯ ಎಂದವರು ಶೇ. 12, ಎರಡೂ ಎಂದವರು ಶೇ. 56. ಈ ಕೊನೆಯ ಅಂಕಿಯೇ ನನ್ನ ಮಟ್ಟಿಗೆ ಇಡೀ ಸಮೀಕ್ಷೆಯ ತಿರುಳು. ಅರ್ಧಕ್ಕಿಂತ ಹೆಚ್ಚು ಜನ ಇಬ್ಬರನ್ನೂ ದೂರಿದಾಗ ಆ ದೂರು ಯಾರ ವಿರುದ್ಧವೂ ಗಟ್ಟಿಯಾದ ಮತವಾಗುವುದಿಲ್ಲ. ಪಕ್ಷಗಳ ಕಾದಾಟವೆಲ್ಲ ಆ ಶೇ. 56ರವರನ್ನು ತಮ್ಮ ಎದುರಾಳಿಯ ಕಡೆಗೆ ತಿರುಗಿಸುವುದಕ್ಕೆ.

2025ರ ಏಪ್ರಿಲ್ ತಿಂಗಳನ್ನೇ ನೋಡಿ. 1ನೇ ತಾರೀಖು ರಾಜ್ಯದಲ್ಲಿ ನಂದಿನಿ ಹಾಲಿಗೆ ಲೀಟರಿಗೆ 4 ರೂಪಾಯಿ ಏರಿತು, ಡೀಸೆಲ್ ಮೇಲಿನ ಮಾರಾಟ ತೆರಿಗೆಯೂ ಏರಿತು. ಬಸ್ ದರ ಜನವರಿಯಲ್ಲೇ ಶೇ. 15 ಹೆಚ್ಚಿತ್ತು. 7ರಂದು ಬಿಜೆಪಿ ರಾಜ್ಯ ಸರ್ಕಾರದ ವಿರುದ್ಧ ಮೈಸೂರಿನಿಂದ ಜನಾಕ್ರೋಶ ಯಾತ್ರೆ ಹೊರಡಿಸಿತು. ಅದೇ 7ರಂದು ಕೇಂದ್ರ ಸಿಲಿಂಡರ್ ದರವನ್ನು 50 ರೂಪಾಯಿ ಏರಿಸಿತು. ಅದೇ ತಿಂಗಳು ಕಾಂಗ್ರೆಸ್ ಬೆಂಗಳೂರಿನಲ್ಲಿ ಕೇಂದ್ರದ ವಿರುದ್ಧ ಪ್ರತಿಭಟನೆ ಮಾಡಿತು. ಹಾಲಿನ ಬಿಲ್ಲು ಒಬ್ಬರ ಹೆಸರಿಗೆ, ಗ್ಯಾಸಿನ ಬಿಲ್ಲು ಇನ್ನೊಬ್ಬರ ಹೆಸರಿಗೆ. ಎರಡನ್ನೂ ಕಟ್ಟಿದ್ದು ಒಂದೇ ಮನೆ.

ಇಷ್ಟು ಹೊತ್ತು ಕೊಳ್ಳುವವರ ಮಾತಾಯಿತು. ಬೆಲೆ ಇಳಿದಾಗ ಸಾಯುವವರೂ ಮತದಾರರೇ ಎಂಬುದನ್ನು ಬೆಲೆ ಏರಿಕೆಯ ಚರ್ಚೆ ಪದೇ ಪದೇ ಮರೆಯುತ್ತದೆ. 2022ರ ನವೆಂಬರ್‌ನಲ್ಲಿ ಗದಗ ಜಿಲ್ಲೆಯ ರೈತರೊಬ್ಬರು 400 ಕಿಲೋಮೀಟರಿಗೂ ಹೆಚ್ಚು ದೂರದ ಬೆಂಗಳೂರಿನ ಯಶವಂತಪುರ ಮಾರುಕಟ್ಟೆಗೆ 205 ಕಿಲೋ ಈರುಳ್ಳಿ ತಂದರು. ಅವರ ರಸೀದಿ ಆಗ ಎಲ್ಲರ ಮೊಬೈಲಿಗೂ ಬಂದಿತ್ತು. ಕ್ವಿಂಟಲಿಗೆ 200ರಂತೆ 410 ರೂಪಾಯಿ. ಹಮಾಲಿ 24. ಬಾಡಿಗೆ 377.64. ಕೈಗೆ ಬಂದದ್ದು 8 ರೂಪಾಯಿ 36 ಪೈಸೆ. ಆ ಚೀಟಿಯನ್ನು ನಾನು ಎಷ್ಟು ಸಲ ಕೂಡಿ ಕಳೆದೆನೋ ನೆನಪಿಲ್ಲ. ಬೀಜ, ಗೊಬ್ಬರ, ಕೂಲಿ ಅದರಲ್ಲಿ ಇಲ್ಲವೇ ಇಲ್ಲ.

ಸರ್ಕಾರ ಪಟ್ಟಣದ ಬೆಲೆ ಇಳಿಸಲು ಹಿಡಿಯುವ ಮೊದಲ ದಾರಿ ರಫ್ತು ತಡೆ. 2023ರ ಆಗಸ್ಟ್‌ನಲ್ಲಿ ಈರುಳ್ಳಿ ರಫ್ತಿಗೆ ಶೇ. 40 ಸುಂಕ ಬಿತ್ತು, ಡಿಸೆಂಬರ್‌ನಲ್ಲಿ ರಫ್ತೇ ನಿಂತಿತು. ಪಟ್ಟಣದಲ್ಲಿ ಅಡುಗೆ ಸಲೀಸಾಯಿತು, ನಾಸಿಕ್‌ನ ಹೊಲಗಳಲ್ಲಿ ಸಿಟ್ಟು ಹೊತ್ತಿತು. 2024ರ ಮೇ 4ರಂದು ನಿಷೇಧ ತೆಗೆದರು, ಅಲ್ಲಿ ಮತದಾನ ಮೇ 20ಕ್ಕೆ. ಹದಿನಾರು ದಿನ ಸಾಕಾಗಲಿಲ್ಲ. ಲಾಸಲ್‌ಗಾಂವ್ ಈರುಳ್ಳಿ ಮಾರುಕಟ್ಟೆ ಇರುವ ದಿಂಡೋರಿ ಕ್ಷೇತ್ರದಲ್ಲಿ ಬಿಜೆಪಿಯ ಕೇಂದ್ರ ಸಚಿವೆ ಭಾರತಿ ಪವಾರ್ ಸೋತರು, ಪಕ್ಕದ ನಾಸಿಕ್ ಕ್ಷೇತ್ರವೂ ಎನ್‌ಡಿಎ ಕೈತಪ್ಪಿತು. 1998ರಲ್ಲಿ ಈರುಳ್ಳಿ ದುಬಾರಿಯಾದಾಗ ಹೊಣೆ ಹೊತ್ತದ್ದು ಕೇಂದ್ರವನ್ನು ಆಳುವ ಪಕ್ಷ. 2024ರಲ್ಲಿ ಅದು ಅಗ್ಗವಾದಾಗ ಹೊತ್ತದ್ದೂ ಅದೇ. ಎರಡೂ ಸಲ ಬೆಲೆಯ ಹಿಂದೆ ಒಂದು ಕಾಣುವ ಕೈ ಇತ್ತು ಎಂದು ಮತದಾರ ನಂಬಿದ್ದ.

ಬೆಲೆಗೂ ಮತಕ್ಕೂ ಇರುವ ನಂಟನ್ನು ಹಳ್ಳಿಯ ಮಟ್ಟದಲ್ಲಿ ಅಳೆದು ನೋಡುವ ಕೆಲಸ ಕನ್ನಡದಲ್ಲಿ ಇನ್ನೂ ಆಗಬೇಕಿದೆ. ಪ್ರತಿ ಮತಗಟ್ಟೆಯ ಎಣಿಕೆ ಫಾರಂ 20ರಲ್ಲಿ ಸಾರ್ವಜನಿಕರಿಗೆ ಸಿಗುತ್ತದೆ. ಎಪಿಎಂಸಿಗಳ ದಿನದಿನದ ಧಾರಣೆಯೂ ದಾಖಲಾಗಿದೆ. ಚಿತ್ರದುರ್ಗ, ಗದಗ, ವಿಜಯಪುರದ ಈರುಳ್ಳಿ ಸೀಮೆಯ ಹತ್ತು ಹಳ್ಳಿಗಳನ್ನು ಆಯ್ದುಕೊಂಡು ಈ ಎರಡು ದಾಖಲೆಗಳನ್ನು ಜೋಡಿಸಿ ನೋಡುವ ಯುವ ಸಂಶೋಧಕರು ಮುಂದೆ ಬರಲಿ. ಬರುವವರು ಮೊದಲು ಹಳ್ಳಿಗೆ ಹೋಗಿ ಕೊಳ್ಳುವವರ ಬಿಲ್ಲನ್ನೂ ಮಾರುವವರ ಚೀಟಿಯನ್ನೂ ಒಟ್ಟಿಗೆ ಕೇಳಿ ಪಡೆಯಬೇಕೆಂದು ನನ್ನ ಕೋರಿಕೆ.