ಐವತ್ತರ ವಯಸ್ಸಿನಲ್ಲಿ ಸ್ಥೌಲ್ಯದ ಶಸ್ತ್ರಚಿಕಿತ್ಸೆ

ಹೊಸಪೇಟೆಯ ಬಳಿ ತುಂಗಭದ್ರೆಗೆ ಅಡ್ಡಲಾಗಿ ಕಟ್ಟಿದ ಅಣೆಕಟ್ಟು 1953ರಲ್ಲಿ ಸಿದ್ಧವಾಗಿ, ಅದರ ಕಾಲುವೆಗಳು ಬಯಲಿಗೆ ಇಳಿದ ಮೇಲೆ, ಮಳೆಯನ್ನೇ ನಂಬಿ ಜೋಳ ಸಜ್ಜೆಗಳನ್ನು ಬೆಳೆಯುತ್ತಿದ್ದ ಈ ಸೀಮೆಯ ಬಹುಭಾಗವು ಭತ್ತದ ಗದ್ದೆಯಾಗಿ ಮಾರ್ಪಟ್ಟಿತು. ಕಂಪ್ಲಿಗೂ ಹೊಸಪೇಟೆಗೂ ವಿಜಯನಗರದ ಅರಸರು ತೋಡಿಸಿದ ಕಾಲುವೆಗಳು ಮೊದಲೇ ಇದ್ದುದರಿಂದ ಅಲ್ಲಿಯವರಿಗೆ ಭತ್ತವಾಗಲಿ ಕಬ್ಬಾಗಲಿ ಹೊಸತಲ್ಲ. ಆದರೆ ರೊಟ್ಟಿಯನ್ನು ಹಿಂದಕ್ಕೆ ಸರಿಸಿ ದಿನವೂ ಅನ್ನವುಣ್ಣುವ ರೂಢಿಯು ಸುತ್ತಣ ಹಳ್ಳಿಗಳ ಸಾಮಾನ್ಯ ರೈತನ ಮನೆಯಲ್ಲಿ ನೆಲೆಯೂರಿದುದು ಈಚಿನ ಕಾಲದಲ್ಲಿ. ಸಂಡೂರಿನ ಗುಡ್ಡಗಳಲ್ಲಿ ಹಾರೆ ಸುತ್ತಿಗೆಗಳಿಂದ ಅದಿರನ್ನು ಒಡೆದು ಬುಟ್ಟಿಯಲ್ಲಿ ಹೊರುತ್ತಿದ್ದ ಕೆಲಸವನ್ನು ಯಂತ್ರಗಳು ವಹಿಸಿಕೊಂಡವು. ಹೊಲದ ಕೆಲಸಕ್ಕೆ ಟ್ರ್ಯಾಕ್ಟರು, ಊರಿಂದೂರಿಗೆ ಹೋಗಲು ಮೋಟಾರು ಸೈಕಲ್ಲು ಬಂದವು. ಇಂದು ಐವತ್ತಕ್ಕೂ ಅರುವತ್ತಕ್ಕೂ ನಡುವೆ ಇರುವ ತಲೆಮಾರು, ಬಾಲ್ಯದಲ್ಲಿ ಆ ಹಳೆಯ ಮೈದುಡಿಮೆಯ ಕೊನೆಯ ದಿನಗಳನ್ನು ಕಂಡು, ನಡುವಯಸ್ಸಿಗೆ ಬರುವ ಹೊತ್ತಿಗೆ ಕುಳಿತು ಮಾಡುವ ಉದ್ಯೋಗಕ್ಕೂ ಸಂಜೆಯ ಒಗ್ಗರಣೆ-ಮಿರ್ಚಿಗೂ ಒಗ್ಗಿಕೊಂಡ ತಲೆಮಾರು. ಮಧುಮೇಹ, ರಕ್ತದೊತ್ತಡ, ಮಂಡಿನೋವು, ನಿದ್ರೆಯಲ್ಲಿ ಉಸಿರು ಕಟ್ಟುವಿಕೆ, ಇವೆಲ್ಲ ಒಟ್ಟೊಟ್ಟಿಗೆ ಬಂದು ಎರಗುವ ಈ ವಯಸ್ಸಿನಲ್ಲಿ, ಜನ ‘ಬೊಜ್ಜಿನ ಆಪರೇಷನ್’ ಎಂದು ಕರೆಯುವ ಶಸ್ತ್ರಚಿಕಿತ್ಸೆಯನ್ನು ಮಾಡಿಸಿಕೊಳ್ಳಬಹುದೆ, ಮಾಡಿಸಿಕೊಂಡರೆ ಫಲವೇನು ಎಂಬ ಪ್ರಶ್ನೆ ಈಗ ಈ ಊರುಗಳ ಮನೆಗಳಲ್ಲಿಯೂ ಕೇಳಿಬರುತ್ತಿರುವುದರಿಂದ, ಆ ವಿದ್ಯೆ ನಡೆದು ಬಂದ ದಾರಿಯನ್ನು ಕ್ರಮವಾಗಿ ನೋಡುವುದು ಉಚಿತ.

ಸ್ಥೌಲ್ಯವನ್ನು ವ್ಯಾಧಿಯೆಂದು ಬಗೆಯುವ ದೃಷ್ಟಿ ನಮ್ಮ ನಾಡಿಗೆ ಹೊಸದಲ್ಲ. ಚರಕಸಂಹಿತೆಯ ಸೂತ್ರಸ್ಥಾನದ ಇಪ್ಪತ್ತೊಂದನೆಯ ಅಧ್ಯಾಯವು ಅತಿಸ್ಥೂಲನನ್ನೂ ಅತಿಕೃಶನನ್ನೂ ಜೊತೆಯಾಗಿ ವಿವರಿಸಿ, ಇವರಿಬ್ಬರಲ್ಲಿ ಕೃಶನ ಸ್ಥಿತಿಯೇ ಮೇಲೆಂದು ತೀರ್ಮಾನಿಸುತ್ತದೆ. ಸ್ಥೂಲನಿಗೆ ಒದಗುವ ದೋಷಗಳಲ್ಲಿ ಆಯುಸ್ಸಿನ ಹ್ರಾಸವನ್ನು ಅದು ಮೊದಲು ಎಣಿಸಿದೆ. ಸುಮಾರು 1520ರಲ್ಲಿ ಹಂಪಿಯನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸನು ಕೃಷ್ಣದೇವರಾಯನ ಮೈಕಟ್ಟನ್ನು ವರ್ಣಿಸುವಾಗ, ಅರಸನು ತೆಳ್ಳಗಿನವನೆನ್ನುವುದಕ್ಕಿಂತ ತುಸು ತುಂಬಿದ ಮೈಯವನೆಂದು ಬರೆದಿದ್ದಾನೆ. ಆದರೆ ಅದೇ ಅರಸನು ಬೆಳಗಾಗುವ ಮುನ್ನವೇ ಎಳ್ಳೆಣ್ಣೆಯನ್ನು ಕುಡಿದು, ಮೈಗೂ ಹಚ್ಚಿಕೊಂಡು, ಮಣ್ಣಿನ ಭಾರಗಳನ್ನು ಎತ್ತಿ, ಕತ್ತಿ ತಿರುಗಿಸಿ, ಜಟ್ಟಿಯೊಡನೆ ಸೆಣಸಿ, ಕುದುರೆಯನ್ನೇರಿ ಬಯಲಿನಲ್ಲಿ ಓಡಿಸುತ್ತಿದ್ದನೆಂದೂ ಹೇಳಿದ್ದಾನೆ. ತುಂಬಿದ ಮೈ ತನಗೆ ತಾನೇ ರೋಗವಲ್ಲ, ಅದರ ಜೊತೆಯಲ್ಲಿ ಸ್ನಾಯುವೂ ದುಡಿಮೆಯೂ ಎಷ್ಟಿವೆಯೆಂಬುದು ಮುಖ್ಯವೆಂದು ಈಗಿನ ವೈದ್ಯರು ಹೇಳುವ ಮಾತಿಗೆ ಈ ವರ್ಣನೆ ಒಳ್ಳೆಯ ನಿದರ್ಶನವೆಂದು ನನಗೆ ತೋರುತ್ತದೆ.

ಕತ್ತಿಯ ಮೂಲಕ ತೂಕವನ್ನಿಳಿಸುವ ಯತ್ನ ತೊಡಗಿದುದು ಅಣೆಕಟ್ಟು ಮುಗಿದ ಕಾಲಕ್ಕೇ. ಅಮೆರಿಕದ ಮಿನೆಸೋಟ ವಿಶ್ವವಿದ್ಯಾನಿಲಯದ ಕ್ರೆಮೆನ್, ಲಿನ್ನರ್ ಮತ್ತು ಅವರ ಸಂಗಡಿಗರು ನಾಯಿಗಳ ಮೇಲೆ ನಡೆಸಿದ ಪ್ರಯೋಗಗಳನ್ನು ಆಧರಿಸಿ, ಸಣ್ಣಕರುಳಿನ ಬಹುಭಾಗವನ್ನು ಬಳಸಿ ದಾಟಿಸುವ ಶಸ್ತ್ರಕ್ರಿಯೆಯನ್ನು 1954ರಲ್ಲಿ ಪ್ರಕಟಿಸಿದರು. ಆರು ಮೀಟರಿಗೆ ಸಮೀಪದ ಕರುಳಿನಲ್ಲಿ ಅರ್ಧ ಮೀಟರಿನಷ್ಟನ್ನು ಮಾತ್ರ ಅನ್ನದ ದಾರಿಯಲ್ಲಿ ಉಳಿಸಿದ ಮೇಲೆ ತೂಕವೇನೋ ಇಳಿಯುತ್ತಿತ್ತು. ಆದರೆ ನಿಲ್ಲದ ಭೇದಿ, ಮೂತ್ರಪಿಂಡದಲ್ಲಿ ಕಲ್ಲು, ಕೀಲುನೋವು, ಕಡೆಗೆ ಯಕೃತ್ತಿನ ವೈಫಲ್ಯ, ಇವು ಬೆನ್ನುಹತ್ತಿದವು. ಸಾವಿರಾರು ಜನರ ಮೇಲೆ ನಡೆದು, 1980ರ ಸುಮಾರಿಗೆ ಕೈಬಿಡಲಾದ ಈ ಶಸ್ತ್ರಕ್ರಿಯೆಯು ಬಿಟ್ಟುಹೋದ ಭೀತಿ ಇನ್ನೂ ಸಂಪೂರ್ಣ ಅಳಿದಿಲ್ಲ. ‘ಆಪರೇಷನ್ ಮಾಡಿಸಿದರೆ ಮನುಷ್ಯ ಸೊರಗಿ ಸಾಯುತ್ತಾನೆ’ ಎಂದು ಇಂದಿಗೂ ಹೇಳುವವರು, ತಮಗೆ ಗೊತ್ತಿಲ್ಲದೆಯೇ, ಬಹುಮಟ್ಟಿಗೆ ಆ ಕಾಲದ ಅನುಭವವನ್ನೇ ಆಡುತ್ತಿರುತ್ತಾರೆ.

ಮುಂದಿನ ಹೆಜ್ಜೆಯನ್ನಿಟ್ಟವರು ಅಯೋವಾ ವಿಶ್ವವಿದ್ಯಾನಿಲಯದ ಎಡ್ವರ್ಡ್ ಮೇಸನ್ ಮತ್ತು ಚಿಕಾಶಿ ಇಟೊ. ಜಠರದ ಹುಣ್ಣಿಗಾಗಿ ಜಠರದ ಭಾಗವನ್ನು ತೆಗೆಸಿಕೊಂಡವರು ಮತ್ತೆ ಮೈ ತುಂಬಿಕೊಳ್ಳಲು ಕಷ್ಟಪಡುವುದನ್ನು ಗಮನಿಸಿದ ಮೇಸನ್, 1966ರಲ್ಲಿ ಜಠರದ ಮೇಲ್ತುದಿಯನ್ನು ಬೇರ್ಪಡಿಸಿ ನೇರವಾಗಿ ಸಣ್ಣಕರುಳಿಗೆ ಹೊಲಿಯುವ ‘ಗ್ಯಾಸ್ಟ್ರಿಕ್ ಬೈಪಾಸ್’ ಕ್ರಮವನ್ನು ಆರಂಭಿಸಿದರು. ತಮ್ಮದೇ ಕ್ರಮವನ್ನು ದಶಕಗಳ ಕಾಲ ತಿದ್ದುತ್ತ, ರೋಗಿಗಳನ್ನು ವರ್ಷಗಟ್ಟಲೆ ಹಿಂಬಾಲಿಸಿ ಲೆಕ್ಕವಿಡಬೇಕೆಂದು ಸಹೋದ್ಯೋಗಿಗಳನ್ನು ಒತ್ತಾಯಿಸುತ್ತ, ಅವರು ನೂರು ವರ್ಷ ಬದುಕಿ 2020ರಲ್ಲಿ ತೀರಿಕೊಂಡರು. ಇಟಲಿಯ ಸ್ಕೊಪಿನಾರೊ ಕಂಡುಹಿಡಿದ ಮತ್ತೊಂದು ಬಗೆ, ಜಠರಕ್ಕೆ ಪಟ್ಟಿ ತೊಡಿಸುವ ಬಗೆ, ಇವೂ ಈ ನಡುವೆ ಬಂದವು. ಪಟ್ಟಿಯದು ಕೆಲಕಾಲ ಬಹಳ ಪ್ರಚಾರದಲ್ಲಿದ್ದು ಈಗ ಮೂಲೆಗುಂಪಾಗಿದೆ.

1994ರಲ್ಲಿ ವಿಟ್‌ಗ್ರೋವ್ ಮತ್ತು ಕ್ಲಾರ್ಕ್ ಎಂಬ ಅಮೆರಿಕದ ವೈದ್ಯರು ಹೊಟ್ಟೆಯನ್ನು ಸೀಳದೆ, ದುರ್ಬೀನಿನ ಸಹಾಯದಿಂದ ಬೈಪಾಸ್ ಮಾಡಿದ ವರದಿಯನ್ನು ಪ್ರಕಟಿಸಿದ ಮೇಲೆ ಈ ವಿದ್ಯೆಯ ಸ್ವರೂಪವೇ ಬದಲಾಯಿತು. ಇಂದು ಭಾರತದಲ್ಲಿ ಹೆಚ್ಚಾಗಿ ನಡೆಯುವ ‘ಸ್ಲೀವ್’ ಶಸ್ತ್ರಕ್ರಿಯೆ ಮೊದಲಿಗೆ, ಅತ್ಯಧಿಕ ತೂಕದಿಂದಾಗಿ ದೊಡ್ಡ ಶಸ್ತ್ರಕ್ರಿಯೆಯನ್ನು ತಾಳಲಾರದವರಿಗೆ ಪೂರ್ವಭಾವಿಯಾಗಿ ಮಾಡುತ್ತಿದ್ದ ಮೊದಲ ಹಂತವಾಗಿತ್ತು. ಆ ಒಂದು ಹಂತದಿಂದಲೇ ಹಲವರು ಸಾಕಷ್ಟು ಇಳಿದುದನ್ನು ಕಂಡು ಅದನ್ನೇ ಸ್ವತಂತ್ರ ಚಿಕಿತ್ಸೆಯಾಗಿ ಅಂಗೀಕರಿಸಿದರು. ಹೊಟ್ಟೆಯ ಮೇಲೆ ನಾಲ್ಕೈದು ಸಣ್ಣ ರಂಧ್ರಗಳು. ಬಾಯಿಯ ಮೂಲಕ ಜಠರದೊಳಕ್ಕೆ ಇಳಿಬಿಟ್ಟ ಒಂದು ಕೊಳವೆ. ಆ ಕೊಳವೆಯ ಅಂಚಿಗೆ ಹೊಂದಿಸಿ, ಕತ್ತರಿಸುತ್ತಲೂ ಪಿನ್ನು ಹೊಡೆಯುತ್ತಲೂ ಮೇಲೇರುವ ಸ್ಟೇಪ್ಲರು. ಜಠರದ ಮುಕ್ಕಾಲು ಭಾಗಕ್ಕಿಂತ ಹೆಚ್ಚನ್ನು ಬೇರ್ಪಡಿಸಿ ಒಂದು ರಂಧ್ರದಿಂದ ಹೊರಕ್ಕೆ ತೆಗೆದಾಗ, ಒಳಗೆ ಉಳಿಯುವುದು ಬಾಳೆಕಾಯಿಯಷ್ಟು ಕಿರಿದಾದ ನಾಳ.

ಈ ಶಸ್ತ್ರಚಿಕಿತ್ಸೆಯನ್ನು ಇನ್ನೂ ‘ಹೊಟ್ಟೆಯನ್ನು ಚಿಕ್ಕದು ಮಾಡುವ’ ಕೆಲಸವೆಂದೇ ಎಣಿಸುತ್ತಿದ್ದ ಕಾಲದಲ್ಲಿ, ಅಮೆರಿಕದ ವಾಲ್ಟರ್ ಪೊರೀಸ್ 1995ರಲ್ಲಿ ಪ್ರಕಟಿಸಿದ ಲೇಖನವೊಂದು ವೈದ್ಯಲೋಕವನ್ನು ಬೆರಗುಗೊಳಿಸಿತು. ಬೈಪಾಸ್ ಮಾಡಿಸಿಕೊಂಡ ಮಧುಮೇಹಿಗಳಲ್ಲಿ ಹತ್ತರಲ್ಲಿ ಎಂಟಕ್ಕೂ ಹೆಚ್ಚು ಮಂದಿಯ ರಕ್ತದ ಸಕ್ಕರೆ ಸಹಜಕ್ಕೆ ಮರಳಿತ್ತು. ಅದೂ ತೂಕ ಇಳಿಯುವುದಕ್ಕೆ ಮೊದಲೇ, ಕೆಲವೇ ದಿನಗಳಲ್ಲಿ. ಹಸಿವನ್ನು ಕೆರಳಿಸುವ ಗ್ರೆಲಿನ್ ಎಂಬ ರಸದೂತವು 1999ರಲ್ಲಿ ಪತ್ತೆಯಾಗಿ, ಅದು ಮುಖ್ಯವಾಗಿ ಜಠರದಲ್ಲಿಯೇ ಉತ್ಪತ್ತಿಯಾಗುವುದೆಂದು ತಿಳಿದ ಮೇಲೆ, ಕರುಳೂ ಜಠರವೂ ಮಿದುಳಿನೊಡನೆ ಮಾತಾಡುವ ಅಂಗಗಳು, ಶಸ್ತ್ರಕ್ರಿಯೆಯು ಆ ಮಾತನ್ನೇ ಬದಲಿಸುತ್ತದೆ ಎಂಬ ಅರಿವು ನೆಲೆಗೊಂಡಿತು. ಪಥ್ಯದಿಂದ ತೂಕ ಇಳಿಸಿದವರ ದೇಹದಲ್ಲಿ ಹಸಿವಿನ ರಸಗಳು ಒಂದು ವರ್ಷದ ನಂತರವೂ ಏರಿಯೇ ಇರುತ್ತವೆಂದು 2011ರಲ್ಲಿ ಮೆಲ್ಬರ್ನಿನ ಸಂಶೋಧಕರು ತೋರಿಸಿದರು. ಉಪವಾಸ, ನಡಿಗೆ, ಕಷಾಯಗಳೆಲ್ಲವನ್ನೂ ಮಾಡಿ ಸೋತವರನ್ನು ಬಾಯಿಚಪಲದವರೆಂದು ಹೀಗಳೆಯುವುದು ಎಷ್ಟು ಅನ್ಯಾಯವೆಂಬುದಕ್ಕೆ ಇದಕ್ಕಿಂತ ಹೆಚ್ಚಿನ ಸಾಕ್ಷ್ಯ ಬೇಡ.

ಈಗ ವಯಸ್ಸಿನ ಮಾತು. ಆರಂಭದ ದಶಕಗಳಲ್ಲಿ ಐವತ್ತು ದಾಟಿದವರನ್ನು ಮುಟ್ಟಲು ಅನೇಕ ಶಸ್ತ್ರವೈದ್ಯರು ಹಿಂಜರಿಯುತ್ತಿದ್ದರು. ಹಿಂಜರಿಕೆಗೆ ಕಾರಣವೂ ಇತ್ತು. ಅಮೆರಿಕದ ಸರಕಾರಿ ವಿಮೆಯಾದ ಮೆಡಿಕೇರಿನ ರೋಗಿಗಳನ್ನು ಕುರಿತು 2005ರಲ್ಲಿ ಬಂದ ವರದಿಯ ಪ್ರಕಾರ, ಶಸ್ತ್ರಕ್ರಿಯೆಯಾದ ತಿಂಗಳೊಳಗೆ ನೂರಕ್ಕೆ ಇಬ್ಬರು ತೀರಿಕೊಂಡಿದ್ದರು, ಹೆಚ್ಚು ವಯಸ್ಸಾದವರಲ್ಲಿ ಅಪಾಯ ಇನ್ನೂ ಹೆಚ್ಚಾಗಿತ್ತು. ನಾಲ್ಕೇ ವರ್ಷಗಳ ತರುವಾಯ, ಅನುಭವಿ ಕೇಂದ್ರಗಳನ್ನು ಆರಿಸಿಕೊಂಡು ನಡೆಸಿದ ಮತ್ತೊಂದು ಅಧ್ಯಯನದಲ್ಲಿ ಈ ಪ್ರಮಾಣವು ಸಾವಿರಕ್ಕೆ ಮೂರಕ್ಕೆ ಇಳಿಯಿತು. ಎರಡರಲ್ಲಿಯೂ ಇದ್ದ ರೋಗಿಗಳು ಒಂದೇ ಬಗೆಯವರಲ್ಲವಾದುದರಿಂದ ಇವನ್ನು ನೇರವಾಗಿ ಹೋಲಿಸಲಾಗದು. ಆದರೂ ಶಸ್ತ್ರಕ್ರಿಯೆ ಎಲ್ಲಿ, ಯಾರ ಕೈಯಲ್ಲಿ ನಡೆಯುತ್ತದೆಂಬುದು ವಯಸ್ಸಿನಷ್ಟೇ ಮುಖ್ಯವೆಂಬುದು ಸ್ಪಷ್ಟವಾಯಿತು.

ದೀರ್ಘಕಾಲದ ಫಲದ ವಿಷಯದಲ್ಲಿ ಸ್ವೀಡನ್ನಿನ ಲಾರ್ಸ್ ಶೋಸ್ಟ್ರೋಮ್ 1987ರಲ್ಲಿ ಆರಂಭಿಸಿದ ಅಧ್ಯಯನ ನಮಗೆ ಅತ್ಯಂತ ಉಪಯುಕ್ತವಾದುದು, ಏಕೆಂದರೆ ಅದಕ್ಕೆ ಸೇರಿದವರು 37ರಿಂದ 60ರ ವಯೋಮಾನದವರು. ಶಸ್ತ್ರಚಿಕಿತ್ಸೆ ಪಡೆದವರಲ್ಲಿ ಮರಣದ ಸಂಭವ ಸುಮಾರು ನೂರಕ್ಕೆ 29ರಷ್ಟು ಕಡಿಮೆಯೆಂದು 2007ರಲ್ಲಿಯೂ, ಅವರ ಆಯುಸ್ಸು ಪಡೆಯದವರಿಗಿಂತ ಮೂರು ವರ್ಷ ದೀರ್ಘವೆಂದು 2020ರಲ್ಲಿಯೂ ಅದು ತಿಳಿಸಿತು. ಆದರೆ ಅವರು ಸಾಮಾನ್ಯ ಜನರ ಆಯುಸ್ಸಿಗಿಂತ ಐದೂವರೆ ವರ್ಷ ಹಿಂದೆಯೇ ಉಳಿದರೆಂಬ ಮಾತನ್ನೂ ಮರೆಮಾಚಲಿಲ್ಲ. ಅಮೆರಿಕದ ನಿವೃತ್ತ ಸೈನಿಕರ ಕಥೆ ಇನ್ನೂ ವಿಚಾರಾರ್ಹ. ಅವರಲ್ಲಿ ಶಸ್ತ್ರಕ್ರಿಯೆಯಿಂದ ಆಯುಸ್ಸಿಗೆ ಲಾಭವಿದ್ದಂತೆ ಕಾಣದೆಂದು 2011ರಲ್ಲಿ ಒಂದು ವರದಿ ಬಂದಿತ್ತು; ಹೆಚ್ಚು ಮಂದಿಯನ್ನು ಹೆಚ್ಚು ಕಾಲ ಹಿಂಬಾಲಿಸಿದ 2015ರ ವರದಿಯಲ್ಲಿ, ಸರಾಸರಿ 52 ವಯಸ್ಸಿನ, ಬಹುಪಾಲು ಗಂಡಸರೇ ಇದ್ದ ಆ ಗುಂಪಿನಲ್ಲಿ, ಹತ್ತು ವರ್ಷಗಳಲ್ಲಿ ತೀರಿಕೊಂಡವರು ಶಸ್ತ್ರಕ್ರಿಯೆಯಾದವರಲ್ಲಿ ನೂರಕ್ಕೆ 13.8, ಆಗದವರಲ್ಲಿ 23.9. ಲಾಭವು ಮೊದಲ ವರ್ಷಗಳಲ್ಲಿ ಕಾಣದೆ ನಿಧಾನವಾಗಿ ಒದಗುವಂಥದಾದುದರಿಂದ, ಐವತ್ತರಲ್ಲಿ ಮಾಡಿಸಿಕೊಂಡವನಿಗೆ ಅದನ್ನು ಉಣ್ಣಲು ಕಾಲವಿದೆ, ಎಪ್ಪತ್ತರಲ್ಲಿ ಅಷ್ಟಿಲ್ಲ. ಆದುದರಿಂದ ನನ್ನ ಅಭಿಪ್ರಾಯದಲ್ಲಿ ಕೇಳಬೇಕಾದುದು ವಯಸ್ಸೆಷ್ಟೆಂದಲ್ಲ, ರೋಗವು ದೇಹದಲ್ಲಿ ನೆಲೆಸಿ ಎಷ್ಟು ವರ್ಷವಾಯಿತೆಂದು. ನಾಲ್ಕು ವರ್ಷದಿಂದ ಮಾತ್ರೆಯಲ್ಲಿರುವ 56ರ ಮಧುಮೇಹಿಗೆ ದೊರೆಯುವ ಉಪಶಮನವು, ಹದಿನೈದು ವರ್ಷದಿಂದ ಇನ್ಸುಲಿನ್ ಚುಚ್ಚಿಕೊಳ್ಳುತ್ತಿರುವ 48ರವನಿಗೆ ದೊರೆಯುವುದು ಅಪರೂಪ.

ಯಾರಿಗೆ ಮಾಡಬೇಕೆಂಬ ಅಳತೆಯೂ ಕಾಲಕಾಲಕ್ಕೆ ಬದಲಾಗಿದೆ. ತೂಕವನ್ನು ಎತ್ತರದ ವರ್ಗದಿಂದ ಭಾಗಿಸಿ ಬರುವ ‘ಬಿ.ಎಂ.ಐ.’ ಎಂಬ ಸೂಚಿಯು 40 ಇರಬೇಕು, ಜೊತೆರೋಗಗಳಿದ್ದರೆ 35 ಸಾಕೆಂದು 1991ರಲ್ಲಿ ಅಮೆರಿಕದಲ್ಲಿ ವಿಧಿಸಿದುದು ಬಹುಕಾಲ ಲೋಕಕ್ಕೆಲ್ಲ ಶಾಸನವಾಗಿತ್ತು. ಆದರೆ ಭಾರತೀಯನ ದೇಹ ನೋಟಕ್ಕೆ ತೆಳುವಾಗಿದ್ದರೂ ಒಳಗೆ ಕೊಬ್ಬು ಹೆಚ್ಚೆಂಬುದನ್ನು ಪುಣೆಯ ಡಾ. ಯಾಜ್ಞಿಕರು ಮನಗಾಣಿಸಿದ ಮೇಲೆ, 2009ರಲ್ಲಿ ಭಾರತೀಯ ತಜ್ಞರು ಈ ಮಿತಿಗಳನ್ನು 37.5 ಮತ್ತು 32.5ಕ್ಕೆ ಇಳಿಸಿದರು, 2022ರಲ್ಲಿ ಅಂತರರಾಷ್ಟ್ರೀಯ ಸಂಘಗಳು ಇನ್ನೂ ಕೆಳಗಿಳಿದು, ವಯಸ್ಸಿನ ಮೇಲ್ಮಿತಿ ಇಲ್ಲವೆಂದೂ ಸಾರಿದವು. ಹೀಗಿರುವಾಗ ನಮ್ಮ ವಿಮಾ ನಿಯಮಗಳು ಮಾತ್ರ ಹಳೆಯ 40 ಮತ್ತು 35ರ ಲೆಕ್ಕವನ್ನೇ ಹಿಡಿದು ಕುಳಿತಿವೆ. ವೈದ್ಯರು ಯೋಗ್ಯನೆಂದ ವ್ಯಕ್ತಿಯನ್ನು ವಿಮೆಯು ಅಯೋಗ್ಯನೆನ್ನುವ ಈ ಅಂತರದಲ್ಲಿ, ಖರ್ಚೆಲ್ಲ ಮನೆಯವರ ತಲೆಯ ಮೇಲೆ ಬೀಳುತ್ತದೆ. ದೇಶದಲ್ಲಿ ಹತ್ತು ಕೋಟಿಗೂ ಹೆಚ್ಚು ಮಧುಮೇಹಿಗಳಿದ್ದಾರೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ ಅಧ್ಯಯನ 2023ರಲ್ಲಿ ಹೇಳಿರುವಾಗ, ಇದನ್ನು ತಿದ್ದದೆ ಬಿಡುವುದು ಸರಿಯಲ್ಲ.

ಸಂಡೂರು ಕಂಪ್ಲಿಗಳವರು ಇಂಥ ಚಿಕಿತ್ಸೆಗಾಗಿ ಸಾಮಾನ್ಯವಾಗಿ ನೋಡುವುದು ಬೆಂಗಳೂರಿನ ಕಡೆಗೆ. ಹೊಸಪೇಟೆಯಲ್ಲಿ ಹಂಪಿ ಎಕ್ಸ್‌ಪ್ರೆಸ್ ಹತ್ತಿ ಹೋಗಿ ಬರುವುದೇನೂ ದೊಡ್ಡದಲ್ಲ. ಕಷ್ಟವಿರುವುದು ಬಂದ ಮೇಲೆ. ಮೊದಲ ದಿನಗಳಲ್ಲಿ ಗಂಜಿಯ ತಿಳಿ, ಬೇಳೆಕಟ್ಟು, ನೀರುಮಜ್ಜಿಗೆಗಳನ್ನು ಗುಟುಕು ಗುಟುಕಾಗಿ, ನಡುವೆ ಬಿಡುವು ಕೊಟ್ಟು ಕುಡಿಯಬೇಕು. ಲೋಟವೆತ್ತಿ ಒಮ್ಮೆಗೇ ಕುಡಿದರೆ ಎದೆ ಹಿಡಿದುಕೊಂಡು ವಾಂತಿಯಾಗುತ್ತದೆ. ಬಳಿಕ ನುಣ್ಣಗೆ ಅರೆದ ಬೇಳೆ, ಮೆದುವಾದ ಮೊಟ್ಟೆ. ವಾರಗಳು ಕಳೆದ ಮೇಲೆ ರೊಟ್ಟಿಯ ಚೂರು, ಅದನ್ನೂ ಬಾಯಲ್ಲೇ ಹಿಟ್ಟಾಗುವಷ್ಟು ಅಗಿದು. ಮೊದಲು ಬೇಳೆ, ಮೊಸರು, ಮೊಟ್ಟೆಗಳಂಥ ಸಾರಜನಕದ ಆಹಾರ, ಕಡೆಗೆ ಜಾಗವಿದ್ದರೆ ಅನ್ನ ಎಂಬ ಕ್ರಮವು, ಅನ್ನದ ರಾಶಿಯ ಸುತ್ತ ಉಳಿದುದನ್ನು ಜೋಡಿಸುವ ನಮ್ಮ ಊಟದ ಪದ್ಧತಿಗೆ ತಲೆಕೆಳಗು. ಮದುವೆಯ ಪಂಕ್ತಿಯಲ್ಲಿ ಮೂರು ತುತ್ತು ತಿಂದು ಕೈತೊಳೆದರೆ, ‘ಯಾಕ್ರೀ ಅಕ್ಕಾರ, ಅಡಿಗಿ ಸೇರಲಿಲ್ಲೇನು?’ ಎಂದು ಬಡಿಸುವವರು ನೊಂದುಕೊಳ್ಳುತ್ತಾರೆ. ಆ ಉಪಚಾರಕ್ಕೆ ಮಣಿದು ಇನ್ನೊಂದು ಹೋಳಿಗೆ ತಿಂದವರು, ಬೈಪಾಸ್ ಆದವರಾಗಿದ್ದರೆ, ಅರ್ಧ ಗಂಟೆಯೊಳಗೆ ಬೆವರಿ ತಲೆಸುತ್ತಿ ಮಲಗಬೇಕಾಗಬಹುದು.

ಐವತ್ತರ ಹೆಂಗಸರ ಸಂಗತಿಯನ್ನು ಬೇರೆಯಾಗಿಯೇ ಹೇಳಬೇಕು. ಮುಟ್ಟು ನಿಂತ ಕಾಲಕ್ಕೆ ಎಲುಬಿನ ಸಾಂದ್ರತೆ ತಾನಾಗಿಯೇ ಕುಗ್ಗುತ್ತಿರುತ್ತದೆ. ಶೀಘ್ರವಾಗಿ ತೂಕ ಇಳಿಯುವಾಗ ಎಲುಬೂ ಸ್ನಾಯುವೂ ಕೊಬ್ಬಿನ ಜೊತೆಗೇ ಕರಗುತ್ತವೆ. ಸುಣ್ಣದಂಶ, ಡಿ ಜೀವಸತ್ವ, ಕಬ್ಬಿಣ, ಬಿ12 ಇವನ್ನು ಜೀವಮಾನವಿಡೀ ತೆಗೆದುಕೊಳ್ಳಬೇಕು. ಸಸ್ಯಾಹಾರಿಗಳಲ್ಲಿ ಬಿ12 ಮೊದಲೇ ಕಡಿಮೆಯಿರುವುದರಿಂದ ಉಪೇಕ್ಷಿಸಿದರೆ ಕೈಕಾಲು ಜೋಮು ಹಿಡಿದು ನರಗಳಿಗೇ ಹಾನಿಯಾಗುತ್ತದೆ. ಮನೆಮಂದಿಗೆಲ್ಲ ಬಡಿಸಿ, ಉಳಿದುದು ಹಾಳಾಗಬಾರದೆಂದು ತಾನೇ ತಿಂದು ಮುಗಿಸುವ ಗೃಹಿಣಿಗೆ, ತನಗಾಗಿಯೇ ಬೇರೆ ಅಡಿಗೆ ಮಾಡಿಕೊಳ್ಳುವ ಅವಕಾಶವನ್ನು ಮನೆಯವರೇ ಕಲ್ಪಿಸಿಕೊಡದಿದ್ದರೆ, ಎಷ್ಟು ನಿಪುಣ ಶಸ್ತ್ರವೈದ್ಯನ ಕೆಲಸವೂ ಕೆಲವು ವರ್ಷಗಳಲ್ಲಿ ವ್ಯರ್ಥವಾಗಬಹುದು.

2025ರಲ್ಲಿ ಈ ಕ್ಷೇತ್ರಕ್ಕೆ ಹೊಸ ಪ್ರತಿಸ್ಪರ್ಧಿಗಳು ಭಾರತದ ಅಂಗಡಿಗಳನ್ನು ಪ್ರವೇಶಿಸಿದವು: ಮಾರ್ಚಿನಲ್ಲಿ ಮೌಂಜಾರೊ, ಜೂನಿನಲ್ಲಿ ವೆಗೋವಿ, ಎರಡೂ ವಾರಕ್ಕೊಮ್ಮೆ ಚುಚ್ಚಿಕೊಳ್ಳುವ ಔಷಧಗಳು. ಶಸ್ತ್ರಕ್ರಿಯೆಯ ನಂತರ ಕರುಳಿನಿಂದ ಹೆಚ್ಚಾಗಿ ಸ್ರವಿಸುವ ರಸದೂತಗಳ ಕೆಲಸವನ್ನೇ ಇವು ಅನುಕರಿಸುತ್ತವೆ; ನಿಲ್ಲಿಸಿದರೆ ತೂಕ ಬಹುಮಟ್ಟಿಗೆ ಮರಳುತ್ತದೆ, ಸ್ನಾಯು ಕರಗುವ ಭಯ ಇಲ್ಲಿಯೂ ಉಂಟು. ಕತ್ತಿಗೆ ಅಂಜುವವರಿಗೂ, ಶಸ್ತ್ರಕ್ರಿಯೆಯಾಗಿ ಮತ್ತೆ ತೂಕ ಏರಿಸಿಕೊಂಡವರಿಗೂ ಇವು ಒದಗಬಲ್ಲವು. ಯಾವ ದಾರಿಯನ್ನು ಹಿಡಿದರೂ ವರ್ಷಕ್ಕೊಮ್ಮೆಯಾದರೂ ರಕ್ತಪರೀಕ್ಷೆ, ಮೂರು ಆರು ತಿಂಗಳಿಗೊಮ್ಮೆ ತೂಕದ ದಾಖಲೆ, ಆಹಾರದ ಬಗ್ಗೆ ತಿಳಿದವರೊಡನೆ ಮಾತು, ಕೈಕಾಲುಗಳ ಬಲವನ್ನು ಉಳಿಸುವ ವ್ಯಾಯಾಮ ಇವು ಬೇಕೇ ಬೇಕು. ಇದಾವುದಕ್ಕೂ ಶಸ್ತ್ರವೈದ್ಯನಾಗಲಿ ಮಹಾನಗರವಾಗಲಿ ಬೇಕಾಗಿಲ್ಲ. ಬಿ12ರ ಚುಚ್ಚುಮದ್ದು ಅಗ್ಗದ್ದು. ರಕ್ತದ ಕಬ್ಬಿಣ, ಸುಣ್ಣಗಳ ಪರೀಕ್ಷೆ ಹೊಸಪೇಟೆಯಲ್ಲಿಯೇ ಆಗುವಂಥದು. ಬೆಂಗಳೂರಿನ ಆಸ್ಪತ್ರೆಯಿಂದ ಹೊರಡುವಾಗ ಕೊಡುವ ಚೀಟಿಯಲ್ಲಿ ಏನು ಮಾಡಲಾಯಿತು, ಏನನ್ನು ಯಾವಾಗ ಪರೀಕ್ಷಿಸಬೇಕು ಎಂಬುದನ್ನು ಕನ್ನಡದಲ್ಲಿ ಬರೆದು, ಊರಿನ ವೈದ್ಯರ ಹೆಸರಿಗೇ ಒಂದು ಪ್ರತಿಯನ್ನು ಕಳುಹಿಸುವ ಪದ್ಧತಿಯನ್ನು ಆಸ್ಪತ್ರೆಗಳು ಕಡ್ಡಾಯ ಮಾಡಿಕೊಂಡರೆ, ಕಂಪ್ಲಿಯ ರೋಗಿಯು ಪ್ರತಿ ತಪಾಸಣೆಗೂ ಮುನ್ನೂರು ಕಿಲೋಮೀಟರಿಗೂ ಮೀರಿದ ಪ್ರಯಾಣಕ್ಕೆ ಹೊರಡಬೇಕಾಗುವುದಿಲ್ಲ.