ಸಾಕೆಟ್‌ನ ಮೂರನೇ ತೂತು ಯಾಕಿದೆ ಗೊತ್ತಾ? ಸ್ವಿಚ್ ಬೋರ್ಡ್ ಬದಲಾಗಿದ್ದು ಹೇಗೆ, ಮನೆಯಲ್ಲಿ ಏನು ನೋಡ್ಕೋಬೇಕು? ಇಲ್ಲಿದೆ ಮಾಹಿತಿ

ಮನೆ ಕಟ್ಟಿಸೋರು ಟೈಲ್ಸ್ ಆರಿಸೋಕೆ ನಾಲ್ಕು ಅಂಗಡಿ ಸುತ್ತುತ್ತಾರೆ. ಸ್ವಿಚ್ ಬೋರ್ಡ್ ವಿಷಯ ಬಂದಾಗ ಬಿಳಿ ಬೇಕಾ, ಗ್ರೇ ಬೇಕಾ ಅಂತ ಬಣ್ಣ ಹೇಳಿ ಉಳಿದಿದ್ದನ್ನು ವೈರ್‌ಮನ್‌ಗೆ ಬಿಟ್ಟುಬಿಡ್ತಾರೆ. ಆದರೆ ಮನೆಯವರೆಲ್ಲ, ಮಕ್ಕಳೂ ಸೇರಿ, ದಿನಕ್ಕೆ ಹತ್ತಾರು ಸಲ ಕೈ ಹಾಕೋ ಜಾಗ ಅದು.

ಜಿಲ್ಲೆಯಲ್ಲಿ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯ ಹಳೇ ಹೆಂಚಿನ ಮನೆಗಳಲ್ಲಿ ಮರದ ಹಲಗೆ ಮೇಲೆ ಕೂರಿಸಿದ ದುಂಡನೆ ಕರಿ ಸ್ವಿಚ್ ಈಗಲೂ ಕಾಣಸಿಗುತ್ತೆ. ಶಿವಮೊಗ್ಗದ ಹೊಸ ಬಡಾವಣೆಗಳಲ್ಲಿ ಮಾಡ್ಯುಲರ್ ಬೋರ್ಡ್ ಬಂದಿದೆ. ಇವೆರಡರ ನಡುವೆ ಆದ ಒಂದೊಂದು ಬದಲಾವಣೆಗೂ ಕಾರಣ ಇದೆ. ಬಹುತೇಕ ಕಾರಣ ಒಂದೇ: ಶಾಕ್ ಅಥವಾ ಬೆಂಕಿ ತಪ್ಪಿಸೋದು. ಆದರೆ ಆ ಬದಲಾವಣೆ ಕೆಲಸ ಮಾಡಬೇಕು ಅಂದ್ರೆ ಬೋರ್ಡ್ ಹಿಂದಿನ ವೈರಿಂಗ್ ಸರಿ ಇರಬೇಕು. ಅದು ಹೇಗೆ ಅನ್ನೋದನ್ನ ಒಂದೊಂದಾಗಿ ನೋಡೋಣ.

ಹಿತ್ತಾಳೆ ಮುಚ್ಚಳದಿಂದ ಪಾಲಿಕಾರ್ಬೊನೇಟ್‌ವರೆಗೆ

1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹೋಯಿತು. 1905ರಲ್ಲಿ ಬೆಂಗಳೂರಿನ ಬೀದಿಗಳಿಗೆ ದೀಪ ಬಂತು. ಆ ಕಾಲದ ಸ್ವಿಚ್‌ಗಳಿಗೆ ಪಿಂಗಾಣಿ ತಳ, ಹಿತ್ತಾಳೆ ಮುಚ್ಚಳ ಇರುತ್ತಿತ್ತು. ಪಿಂಗಾಣಿ ಕರೆಂಟ್ ಹರಿಯೋಕೆ ಬಿಡಲ್ಲ, ಸರಿ. ಆದರೆ ಒಳಗಿನ ವೈರ್ ಸಡಿಲವಾಗಿ ಹಿತ್ತಾಳೆಗೆ ತಾಗಿದರೆ ಮುಚ್ಚಳ ಮುಟ್ಟಿದವರಿಗೆ ಶಾಕ್.

1907ರಲ್ಲಿ ಲಿಯೋ ಬೇಕ್‌ಲ್ಯಾಂಡ್ ಎಂಬ ರಸಾಯನ ವಿಜ್ಞಾನಿ ಬೇಕಲೈಟ್ ಕಂಡುಹಿಡಿದರು. ಇದು ಕರೆಂಟ್ ಹರಿಸಲ್ಲ, ಬಿಸಿಗೆ ಕರಗಲ್ಲ, ಅಚ್ಚಿನಲ್ಲಿ ಬೇಕಾದ ಆಕಾರಕ್ಕೆ ಬರುತ್ತೆ. ಹಾಗಾಗಿ ಸ್ವಿಚ್‌ನ ಹೊರಮೈಯಲ್ಲಿ ಲೋಹವೇ ಬೇಡವಾಯಿತು. ಇದರ ದೋಷ ಅಂದ್ರೆ ಪೆಟ್ಟು ಬಿದ್ದರೆ ಸೀಳುತ್ತೆ. ಅಂಚು ಒಡೆದ ಕರಿ ಸ್ವಿಚ್, ಅದರೊಳಗೆ ಕಾಣೋ ಹಿತ್ತಾಳೆ ಪಟ್ಟಿ ಹಳೇ ಮನೆಗಳಲ್ಲಿ ಸಾಮಾನ್ಯ. ಅಂಥದ್ದನ್ನು ಇಟ್ಕೊಳ್ಳಲೇಬಾರದು.

ಆಮೇಲೆ ಬಂದಿದ್ದು ಬಿಳಿ ಪಿಯಾನೊ ಸ್ವಿಚ್. ಈಗಿನ ಮಾಡ್ಯುಲರ್ ಸ್ವಿಚ್‌ಗಳ ಮೈ ಹೆಚ್ಚಾಗಿ ಪಾಲಿಕಾರ್ಬೊನೇಟ್‌ನದ್ದು. ಸುಲಭಕ್ಕೆ ಒಡೆಯಲ್ಲ. ಒಳ್ಳೆ ದರ್ಜೆಯದ್ದು ಬೆಂಕಿ ತಾಗಿದರೂ ಹೊತ್ತಿ ಹಬ್ಬಲ್ಲ. ಹಿಂಭಾಗದಲ್ಲಿ ವೈರ್ ಸಿಕ್ಕಿಸೋ ಸ್ಕ್ರೂಗಳು ಒಳಗೆ ಹುದುಗಿರುತ್ತವೆ. ಹಳೇದರಲ್ಲಿ ಅವು ಬರಿಮೈಯಲ್ಲಿ ಇರ್ತಿದ್ದವು, ಬೋರ್ಡ್ ಬಿಚ್ಚಿದವರ ಬೆರಳಿಗೆ ನೇರ ಸಿಗ್ತಿದ್ದವು.

'ಟಕ್' ಅನ್ನೋ ಸದ್ದು ಎಲ್ಲಿಂದ ಬಂತು?

ಸ್ವಿಚ್ ಆಫ್ ಮಾಡುವಾಗ ಎರಡು ಲೋಹದ ತುದಿಗಳು ದೂರ ಸರಿಯುತ್ತವೆ. ಆ ಕ್ಷಣದಲ್ಲಿ ನಡುವೆ ಕಿಡಿ ಹಾರುತ್ತೆ. ನಿಧಾನಕ್ಕೆ ಸರಿದಷ್ಟೂ ಕಿಡಿ ಉದ್ದ, ತುದಿ ಸುಡೋದು ಜಾಸ್ತಿ. 1884ರಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್‌ನ ಜಾನ್ ಹೆನ್ರಿ ಹೋಮ್ಸ್ ಇದಕ್ಕೆ ಒಂದು ದಾರಿ ಹುಡುಕಿದರು. ಒಳಗೆ ಸ್ಪ್ರಿಂಗ್ ಇಟ್ಟು, ಬೆರಳು ಎಷ್ಟೇ ನಿಧಾನ ಇದ್ದರೂ ತುದಿಗಳು ಥಟ್ಟನೆ ಬಿಡಿಸಿಕೊಳ್ಳೋ ಹಾಗೆ ಮಾಡಿದರು. ಇವತ್ತು ಕೇಳೋ 'ಟಕ್' ಸದ್ದಿನ ಮೂಲ ಅದೇ.

ನಮ್ಮ ಮನೆಗೆ ಬರೋ ಎಸಿ ವಿದ್ಯುತ್ ಸೆಕೆಂಡಿಗೆ 100 ಸಲ ಸೊನ್ನೆಗೆ ಇಳಿಯುತ್ತೆ. ಹಾಗಾಗಿ ಕಿಡಿ ತಾನೇ ಆರಿಹೋಗುತ್ತೆ. ಡಿಸಿಯಲ್ಲಿ ಹಾಗಾಗಲ್ಲ, ಕಿಡಿ ಉರಿಯುತ್ತಲೇ ಇರುತ್ತೆ. ಚಾವಣಿ ಮೇಲೆ ಸೋಲಾರ್ ಪ್ಯಾನೆಲ್ ಹಾಕಿಸಿಕೊಂಡವರು ಇದನ್ನ ನೆನಪಿಡಬೇಕು. ಪ್ಯಾನೆಲ್‌ನಿಂದ ಇನ್ವರ್ಟರ್‌ಗೆ ಬರೋ ಲೈನಿಗೆ ಮನೆಯ ಮಾಮೂಲಿ ಸ್ವಿಚ್ ಹಾಕಿದರೆ ಅದು ಸುಟ್ಟು ಬೆಂಕಿ ಹತ್ತಬಹುದು. ಅಲ್ಲಿ ಡಿಸಿಗೆಂದೇ ಮಾಡಿದ ಸ್ವಿಚ್ ಬೇಕು.

ಸ್ವಿಚ್ ಒತ್ತಿದಾಗ 'ಚರ್' ಅಂದರೆ, ಬೋರ್ಡ್ ಬಿಸಿ ಅನ್ನಿಸಿದರೆ, ಸುಟ್ಟ ವಾಸನೆ ಬಂದರೆ ಒಳಗೆ ಕನೆಕ್ಷನ್ ಲೂಸ್ ಇದೆ ಅಂತಲೇ ಅರ್ಥ. ಮೇನ್ ಆಫ್ ಮಾಡಿ ವೈರ್‌ಮನ್ ಕರೆಸಬೇಕು.

ಮೂರನೇ ಪಿನ್ ಉದ್ದ, ದಪ್ಪ ಯಾಕೆ?

ನಮ್ಮ ದುಂಡು ಪಿನ್‌ನ ಪ್ಲಗ್ ಬ್ರಿಟಿಷರ ಬಿಎಸ್ 546 ಮಾದರಿಯಿಂದ ಬಂದಿದ್ದು. ಅದು 1934ರದ್ದು. ಬ್ರಿಟನ್ 1947ರಲ್ಲಿ ಚಪ್ಪಟೆ ಪಿನ್‌ನ ಹೊಸ ಮಾದರಿ ತಂದಿತು, ಭಾರತ ದುಂಡು ಪಿನ್‌ನಲ್ಲೇ ಮುಂದುವರಿಯಿತು. ಹಳಬರು 5 ಆಂಪ್ಸ್, 15 ಆಂಪ್ಸ್ ಅಂತಿದ್ದ ಸಾಕೆಟ್‌ಗಳೇ ಈಗಿನ 6 ಮತ್ತು 16 ಆಂಪ್ಸ್.

ಮೇಲಿನ ದಪ್ಪ ತೂತು ಅರ್ತ್‌ಗೆ. ಸಾಕೆಟ್ ಎದುರಿಗೆ ನಿಂತು ನೋಡಿದರೆ ಬಲಗಡೆ ಫೇಸ್, ಎಡಗಡೆ ನ್ಯೂಟ್ರಲ್ ಇರಬೇಕು. ಅರ್ತ್ ಪಿನ್ ಉದ್ದ ಇರೋದಕ್ಕೆ ಕಾರಣ, ಪ್ಲಗ್ ಹಾಕುವಾಗ ಅದು ಮೊದಲು ತಾಗಬೇಕು, ತೆಗೆಯುವಾಗ ಕೊನೆಗೆ ಬಿಡಬೇಕು. ಅಂದ್ರೆ ಕರೆಂಟ್ ಇರೋಷ್ಟು ಹೊತ್ತೂ ರಕ್ಷಣೆ ಇರಬೇಕು. ದಪ್ಪ ಇರೋದು ಅದು ತಪ್ಪಿ ಫೇಸ್ ತೂತಿಗೆ ಹೋಗದಿರಲಿ ಅಂತ.

ಇಸ್ತ್ರಿ ಪೆಟ್ಟಿಗೆ, ಗ್ರೈಂಡರ್, ಫ್ರಿಜ್‌ನಂಥ ಲೋಹದ ಮೈ ಇರೋ ಸಾಮಾನಿನೊಳಗೆ ಫೇಸ್ ವೈರ್ ಸುಲಿದು ಮೈಗೆ ತಾಗಿತು ಅಂತಿಟ್ಟುಕೊಳ್ಳಿ. ಅರ್ತ್ ಸರಿ ಇದ್ದರೆ ಕರೆಂಟ್ ಆ ದಾರಿಯಲ್ಲಿ ಜೋರಾಗಿ ಹರಿದು ಫ್ಯೂಸ್ ಹೋಗುತ್ತೆ. ಅರ್ತ್ ಇಲ್ಲದಿದ್ದರೆ ಏನೂ ಆಗಲ್ಲ, ಸಾಮಾನು ಹಾಗೇ ಓಡುತ್ತಿರುತ್ತೆ. ಯಾರಾದರೂ ಮುಟ್ಟಿದಾಗ ಅವರ ಮೈಯೇ ಅರ್ತ್ ಆಗುತ್ತೆ.

ಮುಚ್ಚಿಕೊಳ್ಳೋ ತೂತು ಮಕ್ಕಳಿಗಾಗಿ

ಈಗಿನ ಒಳ್ಳೆ ಸಾಕೆಟ್‌ಗಳ ಒಳಗೆ ಶಟರ್ ಇರುತ್ತೆ. ಕೆಲವದರಲ್ಲಿ ಉದ್ದದ ಅರ್ತ್ ಪಿನ್ ಒಳಗೆ ಹೋದಾಗ ಶಟರ್ ತೆರೆದುಕೊಳ್ಳುತ್ತೆ. ಇನ್ನು ಕೆಲವದರಲ್ಲಿ ಕೆಳಗಿನ ಎರಡೂ ತೂತಿಗೆ ಒಟ್ಟಿಗೆ ಒತ್ತಿದರೆ ಮಾತ್ರ ತೆರೆಯುತ್ತೆ. ಮಗು ಹೇರ್‌ಪಿನ್ನೋ ಮೊಳೆಯೋ ತಗೊಂಡು ಒಂದು ತೂತಿಗೆ ಚುಚ್ಚಿದರೆ ಅದು ಒಳಗೆ ಹೋಗಲ್ಲ. ಹಾಗೇ ಹೊಸ ಪ್ಲಗ್‌ಗಳ ಫೇಸ್, ನ್ಯೂಟ್ರಲ್ ಪಿನ್‌ನ ಬುಡಕ್ಕೆ ಪ್ಲಾಸ್ಟಿಕ್ ತೊಡಿಸಿರ್ತಾರೆ. ಅರ್ಧ ಹೊರಬಂದ ಪ್ಲಗ್ ಹಿಡಿದರೂ ಬೆರಳಿಗೆ ಲೋಹ ಸಿಗಬಾರದು ಅಂತ.

ಆದರೆ ನಮ್ಮಲ್ಲಿ ನಡೆಯೋದೇ ಬೇರೆ. ಎರಡು ಪಿನ್‌ನ ಚಾರ್ಜರ್ ಒಳಗೆ ಹೋಗ್ತಿಲ್ಲ ಅಂತ ಅರ್ತ್ ತೂತಿಗೆ ಪೆನ್ನು, ಸ್ಕ್ರೂಡ್ರೈವರ್ ತುರುಕಿ ಶಟರ್ ತೆರೆಯೋದು ಎಷ್ಟೋ ಮನೆಯಲ್ಲಿ ರೂಢಿ. ಅರ್ತ್ ತೂತು ತಾನೇ, ಏನಾಗುತ್ತೆ ಅನ್ನೋ ಧೈರ್ಯ. ವೈರಿಂಗ್ ತಪ್ಪಾಗಿದ್ದರೆ ಆ ತೂತಲ್ಲೂ ಕರೆಂಟ್ ಇರಬಹುದು. ದೊಡ್ಡವರು ಮಾಡಿದ್ದನ್ನ ಮಕ್ಕಳೂ ನೋಡಿ ಕಲಿಯುತ್ತಾರೆ.

ನಮ್ಮ ಬೋರ್ಡ್‌ಗಳಲ್ಲಿ ಸಾಕೆಟ್ ಪಕ್ಕ ಅದರದ್ದೇ ಸ್ವಿಚ್ ಇರುತ್ತೆ. ಎಷ್ಟೋ ದೇಶಗಳಲ್ಲಿ ಈ ಸೌಲಭ್ಯ ಇಲ್ಲ, ಸಾಕೆಟ್ ಸದಾ ಆನ್. ಇದ್ದೂ ನಾವು ಬಳಸಲ್ಲ. 2023ರ ಆಗಸ್ಟ್‌ನಲ್ಲಿ ಕಾರವಾರ ತಾಲ್ಲೂಕಿನಲ್ಲಿ ಆನ್ ಇದ್ದ ಚಾರ್ಜರ್ ವೈರ್‌ನ ತುದಿ ಬಾಯಿಗೆ ಹಾಕಿಕೊಂಡು ಎಂಟು ತಿಂಗಳ ಹಸುಗೂಸು ತೀರಿಕೊಂಡ ಸುದ್ದಿ ರಾಜ್ಯದವರೆಲ್ಲ ಓದಿದ್ದರು. ಫೋನ್ ತೆಗೆದ ಮೇಲೆ ಸ್ವಿಚ್ ಆಫ್ ಮಾಡಿ, ಚಾರ್ಜರ್ ಎತ್ತಿಡಿ.

6 ಆಂಪ್ಸಾ, 16 ಆಂಪ್ಸಾ?

ಲೆಕ್ಕ ಸುಲಭ. ಸಾಮಾನಿನ ಮೇಲೆ ಬರೆದಿರೋ ವ್ಯಾಟ್‌ನ್ನ 230ರಿಂದ ಭಾಗಿಸಿ. 1,000 ವ್ಯಾಟ್‌ನ ಇಸ್ತ್ರಿ ಪೆಟ್ಟಿಗೆಗೆ 4.3 ಆಂಪ್ಸ್, 6 ಆಂಪ್ಸ್ ಸಾಕೆಟ್ ಸಾಕು. ನೀರು ಕಾಯಿಸೋ 1,500 ವ್ಯಾಟ್ ಕಾಯಿಲ್‌ಗೆ 6.5 ಆಂಪ್ಸ್, ಅಲ್ಲಿಗೇ ಮಿತಿ ದಾಟಿತು. 2,000 ವ್ಯಾಟ್‌ನ ಇಂಡಕ್ಷನ್ ಒಲೆ, ಗೀಸರ್‌ಗೆ 8.7 ಆಂಪ್ಸ್. ಇವೆಲ್ಲ 16 ಆಂಪ್ಸ್ ಸಾಕೆಟ್‌ಗೇ ಹೋಗಬೇಕು, ಅದಕ್ಕೆ ತಕ್ಕ ದಪ್ಪದ ವೈರ್ ಕೂಡ ಬೇಕು. ಸಾಕೆಟ್ ಮಾತ್ರ ದೊಡ್ಡದು ಹಾಕಿ ಹಿಂದೆ ತೆಳು ವೈರ್ ಬಿಟ್ಟರೆ ಗೋಡೆಯೊಳಗೆ ವೈರ್ ಬಿಸಿಯಾಗುತ್ತೆ.

ಪಿನ್‌ನ ದಪ್ಪದಲ್ಲೂ ವ್ಯತ್ಯಾಸ ಇದೆ. 6 ಆಂಪ್ಸ್‌ನ ಪಿನ್ ಸುಮಾರು 5 ಮಿ.ಮೀ., 16 ಆಂಪ್ಸ್‌ನದ್ದು ಸುಮಾರು 7 ಮಿ.ಮೀ. ತೆಳ್ಳನೆ ಚಾರ್ಜರ್ ಪಿನ್‌ಗಳು 4 ಮಿ.ಮೀ. ಇರುತ್ತವೆ. ಸಂತೆಯಲ್ಲಿ ಸಿಗೋ 'ಯಾವ ಪ್ಲಗ್ ಬೇಕಾದ್ರೂ ಹಾಕಿ' ಅನ್ನೋ ಅಗ್ಗದ ಮಲ್ಟಿಪ್ಲಗ್‌ಗಳಲ್ಲಿ ಯಾವ ಪಿನ್ನೂ ಬಿಗಿಯಾಗಿ ಕೂರಲ್ಲ. ಲೂಸ್ ಇದ್ದಲ್ಲಿ ಬಿಸಿ, ಬಿಸಿಯಾದಲ್ಲಿ ಕರಗೋದು, ಕೊನೆಗೆ ಬೆಂಕಿ.

ಭಾಗ್ಯಜ್ಯೋತಿ ಯೋಜನೆಯಲ್ಲಿ ಒಂದು ಬಲ್ಬ್‌ಗೆಂದು ಕನೆಕ್ಷನ್ ಪಡೆದ ಮನೆಗಳಲ್ಲಿ ಆಮೇಲೆ ಟಿವಿ, ಮಿಕ್ಸಿ ಬಂದವು. ಬಲ್ಬ್ ತೆಗೆದು ಹೋಲ್ಡರ್‌ಗೆ ಪ್ಲಗ್ ಸಿಕ್ಕಿಸಿ ಅದರಿಂದಲೇ ಎಲ್ಲ ಓಡಿಸೋ ಪದ್ಧತಿ ಬೆಳೆಯಿತು. ಹೋಲ್ಡರ್‌ಗೆ ಬರೋದು ಎರಡೇ ವೈರ್, ಅರ್ತ್ ಇಲ್ಲ. ಲೋಹದ ಸಾಮಾನು ಅದಕ್ಕೆ ಹಾಕಲೇಬಾರದು.

ಬೋರ್ಡ್ ಹಿಂದೆ ಆಗೋ ಮೂರು ತಪ್ಪು

ಮೊದಲನೇದು, ಸ್ವಿಚ್‌ನ್ನ ಫೇಸ್ ಬದಲು ನ್ಯೂಟ್ರಲ್‌ಗೆ ಕೊಡೋದು. ಲೈಟ್ ಆರುತ್ತೆ, ಹತ್ತುತ್ತೆ, ಎಲ್ಲ ಸರಿ ಕಾಣುತ್ತೆ. ಆದರೆ ಆಫ್ ಮಾಡಿದ ಮೇಲೂ ಹೋಲ್ಡರ್‌ನಲ್ಲಿ ಕರೆಂಟ್ ಇರುತ್ತೆ. ಬಲ್ಬ್ ಬದಲಿಸೋಕೆ ಕೈ ಹಾಕಿದವರಿಗೆ ಶಾಕ್. ಆಫ್ ಇದ್ದಾಗಲೂ ಎಲ್‌ಇಡಿ ಬಲ್ಬ್ ಮಂಕಾಗಿ ಉರಿಯುತ್ತಿದ್ದರೆ ಇದೂ ಒಂದು ಕಾರಣ ಇರಬಹುದು. ಸ್ವಿಚ್‌ನಲ್ಲಿ ಇಂಡಿಕೇಟರ್ ದೀಪ ಇದ್ದರೂ ಹಾಗೆ ಆಗುತ್ತೆ, ಹಾಗಾಗಿ ಪರೀಕ್ಷೆ ಮಾಡಿಸೋದು ಒಳ್ಳೆಯದು.

ಎರಡನೇದು, ಅರ್ತ್ ವೈರ್ ಎಳೆಯದೆ ಬರೀ ಮೂರು ತೂತಿನ ಸಾಕೆಟ್ ಕೂರಿಸೋದು. ಅದರ ಹಿಂದೆಯೇ ಮೂರನೇ ತಪ್ಪು: ಅರ್ತ್ ಇಲ್ಲ ಅಂತ ಸಾಕೆಟ್‌ನಲ್ಲೇ ನ್ಯೂಟ್ರಲ್‌ನಿಂದ ಒಂದು ತುಂಡು ವೈರ್ ತಗೊಂಡು ಅರ್ತ್ ತೂತಿಗೆ ಸೇರಿಸೋದು. ನ್ಯೂಟ್ರಲ್ ಎಲ್ಲಾದರೂ ಕಡಿದುಹೋದರೆ ಆಗ ಫ್ರಿಜ್‌ನ ಮೈಗೆಲ್ಲ ಕರೆಂಟ್ ಬರುತ್ತೆ. ರಕ್ಷಣೆಗೆ ಇರೋ ಪಿನ್ನೇ ಶಾಕ್ ಹೊತ್ತು ತರುತ್ತೆ.

ಎಂಸಿಬಿ ಇದೆಯಲ್ಲ, ಸಾಲದಾ?

ಸಾಲದು. ಎಂಸಿಬಿ ಇರೋದು ವೈರ್ ಉಳಿಸೋಕೆ. ಒದ್ದೆ ಮೈಯ ಪ್ರತಿರೋಧ 1,000 ಓಮ್ ಅಂತ ಹಿಡಿದರೆ 230 ವೋಲ್ಟ್‌ಗೆ ಮೈಯಲ್ಲಿ ಹರಿಯೋದು 230 ಮಿಲಿಆಂಪ್ಸ್. ಜೀವ ಹೋಗೋಕೆ ಅದು ಧಾರಾಳ. ಆದರೆ 6 ಆಂಪ್ಸ್ ಎಂಸಿಬಿ ಅಂದ್ರೆ 6,000 ಮಿಲಿಆಂಪ್ಸ್‌ವರೆಗೆ ಅದು ಬೀಳೋದೇ ಇಲ್ಲ.

ಜನರ ಜೀವಕ್ಕೆ ಬೇಕಾಗಿದ್ದು ಆರ್‌ಸಿಸಿಬಿ. ಫೇಸ್‌ನಲ್ಲಿ ಹೋದ ಕರೆಂಟ್ ನ್ಯೂಟ್ರಲ್‌ನಲ್ಲಿ ವಾಪಸ್ ಬಂತಾ ಅಂತ ಅದು ಸದಾ ತಾಳೆ ನೋಡುತ್ತೆ. 30 ಮಿಲಿಆಂಪ್ಸ್‌ನಷ್ಟು ಕಮ್ಮಿ ಬಂದರೆ, ಎಲ್ಲೋ ಸೋರ್ತಿದೆ ಅಂತ ಕಣ್ಣು ಮಿಟುಕಿಸೋದರೊಳಗೆ ಲೈನ್ ಕಡಿಯುತ್ತೆ. ಅದರ ಮೇಲೆ 'ಟೆಸ್ಟ್' ಅನ್ನೋ ಗುಂಡಿ ಇರುತ್ತೆ. ಒತ್ತಿದಾಗ ಬೀಳದಿದ್ದರೆ ಅದು ಕೆಟ್ಟಿದೆ. ಹಾಕಿಸಿದ ದಿನದಿಂದ ಆ ಗುಂಡಿ ಮುಟ್ಟದ ಮನೆಗಳೇ ಜಾಸ್ತಿ.

ಮಳೆಗಾಲಕ್ಕೆ ಮುಂಚೆ ಇಷ್ಟು ನೋಡಿ

• ಒಡೆದ ಸ್ವಿಚ್, ಕಪ್ಪಾದ ಸಾಕೆಟ್ ಬದಲಿಸಿ. ಇನ್ಸುಲೇಷನ್ ಟೇಪ್ ಸುತ್ತಿ ದಿನ ದೂಡಬೇಡಿ.

• ಕೊಳ್ಳುವಾಗ ಐಎಸ್‌ಐ ಮಾರ್ಕ್ ಮತ್ತು ಸಂಖ್ಯೆ ನೋಡಿ. ಸ್ವಿಚ್‌ಗೆ ಐಎಸ್ 3854, ಪ್ಲಗ್ ಮತ್ತು ಸಾಕೆಟ್‌ಗೆ ಐಎಸ್ 1293.

• ಸಾಕೆಟ್ ಶಟರ್ ಇರೋದೇ ಕೇಳಿ. ಮಕ್ಕಳಿರೋ ಮನೆಯಲ್ಲಂತೂ ಇದು ಬೇಕೇ ಬೇಕು.

• ಬಚ್ಚಲಿನ ಗೀಸರ್ ಸ್ವಿಚ್ ಹೊರಗಡೆ ಇರಲಿ. ಕಾಯಿಲ್ ಹಾಕಿದ ನೀರನ್ನು ಸ್ವಿಚ್ ಆಫ್ ಮಾಡಿ, ಪ್ಲಗ್ ಕಿತ್ತ ಮೇಲೆಯೇ ಮುಟ್ಟಿ.

• ಗೋಡೆ ಒಸರುತ್ತಿದ್ದರೆ ಅಲ್ಲಿನ ಬೋರ್ಡ್ ಬಳಸಬೇಡಿ.

• ಆರ್‌ಸಿಸಿಬಿ ಟೆಸ್ಟ್ ಗುಂಡಿ ತಿಂಗಳಿಗೊಮ್ಮೆ ಒತ್ತಿ.

• ಅರ್ತ್, ಫೇಸ್, ನ್ಯೂಟ್ರಲ್ ಸರಿ ಇವೆಯಾ ಅಂತ ಲೈಸೆನ್ಸ್ ಇರೋ ಎಲೆಕ್ಟ್ರಿಕಲ್ ಗುತ್ತಿಗೆದಾರರಿಂದ ಪರೀಕ್ಷೆ ಮಾಡಿಸಿ. ಹಸಿರು ಬಣ್ಣದ ವೈರ್ ಅರ್ತ್‌ದು, ಕಪ್ಪು ನ್ಯೂಟ್ರಲ್‌ದು. ಬಣ್ಣ ತಪ್ಪಿಸಿ ಎಳೆಯೋಕೆ ಬಿಡಬೇಡಿ.

ಮೀಟರ್‌ವರೆಗಿನ ಲೈನ್ ಮೆಸ್ಕಾಂ ಜವಾಬ್ದಾರಿ. ಅಲ್ಲಿ ತೊಂದರೆ ಕಂಡರೆ 1912ಕ್ಕೆ ಕರೆ ಮಾಡಬಹುದು. ಮೀಟರ್ ದಾಟಿ ಒಳಗಿನದ್ದೆಲ್ಲ ಮನೆಯವರದ್ದೇ. ಹೊಸ ಬೋರ್ಡ್ ಹಾಕಿಸುವಾಗ ವೈರ್‌ಮನ್‌ಗೆ ಬಣ್ಣದ ಜೊತೆ ಇನ್ನೊಂದು ಮಾತು ಕೇಳಿ: "ಅರ್ತ್ ಎಲ್ಲಿಂದ ಎಳೆದ್ರಿ? ತೋರಿಸಿ."