ಜಾಲ ಸಾಧನಗಳ ಭೌತಿಕ ರಕ್ಷಣೆ

ಡೇಟಾ ಸೆಂಟರ್, ದೂರವಾಣಿ ವಿನಿಮಯ ಕೇಂದ್ರ ಮತ್ತು ಸರ್ಕಾರಿ ಕಚೇರಿಗಳಲ್ಲಿರುವ ಸರ್ವರ್, ರೂಟರ್, ಸ್ವಿಚ್, ಕೇಬಲ್, ಬ್ಯಾಟರಿಗಳನ್ನು ಅತಿಕ್ರಮ ಪ್ರವೇಶ, ಕಳವು, ಬೆಂಕಿ, ನೀರು, ಧೂಳು, ಇಲಿಗಳಿಂದ ಕಾಪಾಡುವ ವ್ಯವಸ್ಥೆ. ಪಾಸ್‌ವರ್ಡ್ ಮಾಹಿತಿಯನ್ನು ಕಾಯುತ್ತದೆ. ಭೌತಿಕ ರಕ್ಷಣೆ ಮಾಹಿತಿ ಹಾಯುವ ಯಂತ್ರವನ್ನೇ ಕಾಯುತ್ತದೆ. ಇದರ ಮೂಲ ತಂತಿ ಕಚೇರಿಯಲ್ಲಿದೆ.

ತಂತಿಯ ಕಾಲ: 1885ರ ಭಾರತೀಯ ತಂತಿ ಕಾಯಿದೆಯ 23ನೇ ಕಲಮಿನಂತೆ, ಅನುಮತಿಯಿಲ್ಲದೆ ತಂತಿ ಕಚೇರಿಯ ಸಿಗ್ನಲ್ ಕೋಣೆಗೆ ಕಾಲಿಟ್ಟವರಿಗೆ 500 ರೂಪಾಯಿವರೆಗೆ ದಂಡವಿತ್ತು. ಹೊರಹೋಗೆಂದರೂ ಹೋಗದವರಿಗೂ ಅದೇ ಶಿಕ್ಷೆ. ತಂತಿಗೆ ಬೇಕೆಂದೇ ಹಾನಿ ಮಾಡಿದರೆ 25ನೇ ಕಲಮಿನಡಿ 3 ವರ್ಷದವರೆಗೆ ಸೆರೆವಾಸವಿತ್ತು. ಆದರೆ ಕೋಣೆಗೆ ಬಾಗಿಲಿತ್ತು, ಬಯಲಲ್ಲಿ ಹಾದುಹೋದ ತಂತಿಗೆ ಇರಲಿಲ್ಲ. 1942ರ ಚಲೇಜಾವ್ ಚಳವಳಿಯಲ್ಲಿ, ಧಾರವಾಡ ಜಿಲ್ಲೆಯ ಹೋರಾಟಗಾರರು ಆಡಳಿತದ ಕಿವಿ ಮುಚ್ಚಿಸಲು ತಂತಿ ಕತ್ತರಿಸುವ ದಾರಿ ಹಿಡಿದರು.

ಧೂಳು ಮತ್ತು ಸೆಕೆ: ದೂರವಾಣಿ ವಿನಿಮಯ ಕೇಂದ್ರಗಳು ಬಂದಾಗ ಮನುಷ್ಯನ ಜೊತೆಗೆ ಹವೆಯೂ ವೈರಿಯಾಯಿತು. ಹವಾನಿಯಂತ್ರಿತ ಕೋಣೆ ಬೇಡುವ ಯಂತ್ರ ಹಳ್ಳಿಗೆ ಹೊಂದುತ್ತಿರಲಿಲ್ಲ. 1984ರಲ್ಲಿ ಸ್ಥಾಪನೆಯಾದ ಸಿ-ಡಾಟ್ ಸಂಸ್ಥೆ, ಕಡಿಮೆ ಶಾಖ ಹೊಮ್ಮಿಸುವ ಬಿಡಿಭಾಗಗಳಿಂದ ಎಸಿ ಇಲ್ಲದೆಯೇ ನಡೆಯುವ 128 ಪೋರ್ಟ್‌ಗಳ ಗ್ರಾಮೀಣ ವಿನಿಮಯ ಕೇಂದ್ರವನ್ನು ರೂಪಿಸಿತು. ಅದರ ಮೊದಲ ಘಟಕ 1986ರ ಜುಲೈನಲ್ಲಿ ಕಿತ್ತೂರಿನಲ್ಲಿ ಕೆಲಸ ಶುರುಮಾಡಿತು. ಇಲ್ಲಿ ರಕ್ಷಣೆಯ ಅರ್ಧ ಪಾಲನ್ನು ಯಂತ್ರದ ವಿನ್ಯಾಸವೇ ಹೊತ್ತಿತ್ತು.

ಉತಾರದಿಂದ ಸರ್ವರಿಗೆ: ಹಿಂದೆ ಧಾರವಾಡ ಜಿಲ್ಲೆಯಲ್ಲಿದ್ದ ರೋಣ ತಾಲೂಕಿನ ಯಾವಗಲ್‌ನಂಥ ಊರುಗಳಲ್ಲಿ ಹೊಲದ ಉತಾರ (ಪಹಣಿ) ತಲಾಟಿಯ (ಗ್ರಾಮ ಲೆಕ್ಕಿಗನ) ದಫ್ತರದಲ್ಲಿರುತ್ತಿತ್ತು. 2001ರಲ್ಲಿ ಉದ್ಘಾಟನೆಯಾದ ‘ಭೂಮಿ’ ಯೋಜನೆ ರಾಜ್ಯದ ಸುಮಾರು 2 ಕೋಟಿ ಪಹಣಿಗಳನ್ನು ತಾಲೂಕು ಕಚೇರಿಗಳ ಕಂಪ್ಯೂಟರಿಗೆ ಸಾಗಿಸಿತು. ಹಿಂದೆ ಒಂದು ಗಂಟು ಕಳೆದರೆ ಕೆಲವು ಊರುಗಳಿಗೆ ತೊಂದರೆ. ಕಂಪ್ಯೂಟರಿಗೆ ಬಂದ ಮೇಲೆ ಒಂದು ಕೋಣೆಗೆ ಕೇಡಾದರೆ ಇಡೀ ತಾಲೂಕಿಗೆ. ಅಲ್ಲಿ ದಾಖಲೆ ತಿದ್ದುವವರ ಮೇಲೂ ಕಣ್ಣಿಡಲು, ಸಿಬ್ಬಂದಿ ಬೆರಳಚ್ಚು ಒತ್ತಿಯೇ ತಂತ್ರಾಂಶದೊಳಗೆ ಹೋಗುವ ಏರ್ಪಾಡಾಯಿತು. ದಾಖಲೆಯಲ್ಲಿ ಯಾರು ಕೈಯಾಡಿಸಿದರೆಂಬುದನ್ನು ಆಮೇಲೆ ಅಲ್ಲಗಳೆಯುವಂತಿರಲಿಲ್ಲ.

ಪದರ ಪದರದ ಕಾವಲು: ಮುಂದೆ ಇಲಾಖೆಗಳ ದತ್ತಾಂಶ ಬೆಂಗಳೂರಿನ ರಾಜ್ಯ ದತ್ತಾಂಶ ಕೇಂದ್ರದಲ್ಲಿ ಕೂಡಿಬಂತು. ಇಂಥ ಕೇಂದ್ರಗಳಲ್ಲಿ ಕಾವಲು ಕೋಟೆಯಂತೆ ಸುತ್ತು ಸುತ್ತಾಗಿರುತ್ತದೆ: ಗೇಟು, ಗುರುತಿನ ಕಾರ್ಡು, ಸಿಸಿಟಿವಿ, ಕೊನೆಗೆ ಪ್ರತಿ ರ‍್ಯಾಕಿಗೂ ಬೀಗ. ಹಲವೆಡೆ ನಡುವೆ ಜೋಡಿ ಬಾಗಿಲು. ಹಿಂದಿನದು ಮುಚ್ಚದೆ ಮುಂದಿನದು ತೆರೆಯದು, ಒಬ್ಬರ ಬೆನ್ನಿಗೆ ಇನ್ನೊಬ್ಬರು ನುಸುಳಲಾಗದು. ಬೆಂಕಿ ಆರಿಸಲು ನೀರಿನ ಬದಲು ಅನಿಲ. ಇದಕ್ಕೆ ಬಳಸುತ್ತಿದ್ದ ಹ್ಯಾಲಾನ್ ಓಜೋನ್ ಪದರಕ್ಕೆ ಮಾರಕವೆಂದು ಮಾಂಟ್ರಿಯಲ್ ಒಪ್ಪಂದದಡಿ ಹಿಂದೆ ಸರಿದು, ಬೇರೆ ಅನಿಲಗಳು ಬಂದವು. ಕೇಬಲ್ ಕಡಿಯುವ ಇಲಿಗಳನ್ನು ಓಡಿಸಲು ಶ್ರವಣಾತೀತ ಸದ್ದಿನ ಸಾಧನಗಳಿವೆ. 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಓವಿಎಚ್ ಕಂಪನಿಯ ಡೇಟಾ ಸೆಂಟರ್ ಕಟ್ಟಡವೊಂದು ಸುಟ್ಟುಹೋಯಿತು. ಪ್ರತಿಯನ್ನು ಬೇರೆ ಊರಿನಲ್ಲಿ ಇಡದಿದ್ದ ಗ್ರಾಹಕರಲ್ಲಿ ಹಲವರಿಗೆ ದತ್ತಾಂಶ ಮರಳಿ ದಕ್ಕಲಿಲ್ಲ.

ಕಾನೂನೂ ಬಿಗಿಯಾಯಿತು. 2000ದ ಮಾಹಿತಿ ತಂತ್ರಜ್ಞಾನ ಕಾಯಿದೆಯ 70ನೇ ಕಲಮಿನಂತೆ, ಸರ್ಕಾರ ‘ರಕ್ಷಿತ ವ್ಯವಸ್ಥೆ’ಯೆಂದು ಘೋಷಿಸಿದ ಕಂಪ್ಯೂಟರಿಗೆ ಅಕ್ರಮವಾಗಿ ಕೈಹಾಕಿದರೆ 10 ವರ್ಷದವರೆಗೆ ಸೆರೆವಾಸ. ಇಂಥ ಮೂಲಸೌಕರ್ಯದ ಹೊಣೆಗೆ 2014ರಲ್ಲಿ ರಾಷ್ಟ್ರೀಯ ಕೇಂದ್ರವೊಂದು ರಚನೆಯಾಯಿತು.

ಜಾಲದ ತುದಿ: 2011ರಲ್ಲಿ ಮಂಜೂರಾಗಿ ಮುಂದೆ ‘ಭಾರತ್‌ನೆಟ್’ ಎನಿಸಿದ ಯೋಜನೆ ಗ್ರಾಮ ಪಂಚಾಯಿತಿಗಳಿಗೆ ಆಪ್ಟಿಕಲ್ ಫೈಬರ್ ಎಳೆಯಿತು. ತುದಿಯ ಸಾಧನಕ್ಕೆ ಜೋಡಿ ಬಾಗಿಲಿಲ್ಲ. ಪಂಚಾಯಿತಿ ಕೋಣೆಯ ಬೀಗವೇ ಅದರ ಕಾವಲು. ಬೆಣ್ಣೆಹಳ್ಳ ಉಕ್ಕಿ ಹರಿಯುವ, ಬೇಸಿಗೆಯಲ್ಲಿ ಬಿರಿದು ಮಳೆಗಾಲದಲ್ಲಿ ಉಬ್ಬುವ ಎರೆಮಣ್ಣಿನ ರೋಣ–ನರಗುಂದ ಸೀಮೆಯಲ್ಲಿ ಹೂತ ಕೇಬಲಿನ ಆಳ, ಪೆಟ್ಟಿಗೆಯನ್ನು ನೆಲದಿಂದ ಎಷ್ಟು ಎತ್ತರಕ್ಕೆ ಕೂರಿಸಿದೆ ಎಂಬುದೂ ಭದ್ರತೆಯ ಲೆಕ್ಕಕ್ಕೇ ಸೇರುತ್ತವೆ.